ಒಣ ಚಮಚದ ಭಾವ

ಜೋಯಿಡಾ ತಾಲ್ಲೂಕಿನ ತೋಟದ ಮನೆಯಲ್ಲಿ ಉಪ್ಪಿನಕಾಯಿಗೆ ಕೈ ಚಾಚಿದವರು ಮೊದಲು ಒಂದು ಪ್ರಶ್ನೆ ದಾಟಬೇಕು: ‘ತಡ್ಯೋ ಮಾರಾಯ, ಚಮಚ ಒಣಗಿದ್ದನ?’ ಕೇಳುವವರು ಭಾವ. ಯಾರಿಗೆ ಭಾವ ಎಂದು ಲೆಕ್ಕ ಹಾಕಬಾರದು, ಊರಿಗೊಬ್ಬರು ಇರುತ್ತಾರೆ.

ಭಾವನ ಸಂಸ್ಥಾನ ಒಳಗಿನ ಕತ್ತಲೆ ಕೋಣೆ. ನೆಲದ ತೇವ ತಾಗದಂತೆ ಹಲಗೆಯ ಮೇಲೆ ಪಿಂಗಾಣಿ ಭರಣಿಗಳ ಸಾಲು. ಬಾಯಿಗೆ ಬಿಳಿ ಬಟ್ಟೆ ಬಿಗಿದು ಹುರಿ ಸುತ್ತಿದೆ. ಒಳಗೆ ಮಿಡಿಯ ಮೇಲೆ ಹರಳೆಣ್ಣೆಯಲ್ಲಿ ಅದ್ದಿದ ಇನ್ನೊಂದು ಬಟ್ಟೆ. ವಾರಕ್ಕೊಮ್ಮೆ, ಕೈ ಪೂರ್ತಿ ಆರಿದ ಮೇಲೆ, ದೊಡ್ಡ ಭರಣಿಯಿಂದ ಸಣ್ಣ ಬಾಟಲಿಗೆ ವರ್ಗಾವಣೆ. ಮನೆಮಂದಿಗೆ ಸಿಗುವುದು ಬಾಟಲಿ ಮಾತ್ರ. ಕೆಟ್ಟರೆ ಅಷ್ಟೇ ಕೆಡಲಿ.

ಈ ಹಠಕ್ಕೆ ಕಾರಣವಿದೆ. ಉಪ್ಪು ಮಿಡಿಯೊಳಗಿನ ನೀರನ್ನು ಹೊರಗೆಳೆದು ಕ್ರಿಮಿಗಳನ್ನು ಒಣಗಿಸುತ್ತದೆ, ಹುಳಿ ಅವುಗಳ ಕೈಕಾಲು ಕಟ್ಟುತ್ತದೆ, ಎಣ್ಣೆ ಗಾಳಿ ತಡೆದು ಬೂಸ್ಟನ್ನು ದೂರವಿಡುತ್ತದೆ. ಹಸಿ ಚಮಚ ಮುಳುಗಿದಲ್ಲಿ ಉಪ್ಪು ತೆಳುವಾಗುತ್ತದೆ, ಕೆಲವೇ ದಿನಕ್ಕೆ ಬಿಳಿ ಪೊರೆ. ಶೀಷೆಯಲ್ಲಿ ಆಹಾರ ಮುಚ್ಚಿ ಕುದಿಸುವ ವಿದ್ಯೆಗೆ 1810ರಲ್ಲಿ ಫ್ರಾನ್ಸಿನ ನಿಕೋಲಾ ಅಪೆರ್ 12,000 ಫ್ರಾಂಕ್ ಬಹುಮಾನ ಪಡೆದ. ಅವನ ವಿದ್ಯೆ ಮುಚ್ಚಳ ತೆಗೆಯುವವರೆಗೆ. ಭಾವನದು ಶುರುವಾಗುವುದೇ ತೆಗೆದ ಮೇಲೆ.

ಮನೆಯಲ್ಲಿ ಫ್ರಿಜ್ ಇಲ್ಲವೆಂದಲ್ಲ, ಮಗ ದಾಂಡೇಲಿಯಿಂದ ತಂದಿಟ್ಟಿದ್ದಾನೆ. ಆದರೆ ಮಳೆಗಾಲದಲ್ಲಿ ತಂತಿಯ ಮೇಲೆ ಮರ ಬಿದ್ದರೆ ಅದು ಬರೀ ಬಿಳಿ ಕಪಾಟು. ಕರೆಂಟಿಗಾಗಿ ಕಟ್ಟಿದ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು ಇರುವುದು ಇದೇ ತಾಲ್ಲೂಕಿನಲ್ಲಿ. ಆದರೂ ಆಗ ಭಾವನ ಜಗಲಿಯಲ್ಲಿ ಉರಿಯುವುದು ಚಿಮಣಿ ಬುಡ್ಡಿ.

ಅಳಿಯನೊಬ್ಬ ನೈಜೀರಿಯದ ಮೊಹಮ್ಮದ್ ಬಾ ಅಬ್ಬಾ ಅವರ ಜೋಡಿ ಮಡಕೆಯ ಕಥೆ ಓದಿಕೊಂಡು ಬಂದ. ಮಡಕೆಯೊಳಗೆ ಮಡಕೆ, ನಡುವೆ ಹಸಿ ಮರಳು, ನೀರು ಆರುತ್ತಾ ಒಳಗೆಲ್ಲ ತಂಪು. ಹಳಿಯಾಳದ ಸಂತೆಯಿಂದ ಮಡಕೆಗಳೂ ಬಂದವು. ಹಳಿಯಾಳದ ಮಾರ್ಚಿನಲ್ಲಾದರೆ ಆಟ ನಡೆಯುತ್ತಿತ್ತು. ಜೋಯಿಡಾದ ಜುಲೈನಲ್ಲಿ ಗಾಳಿಯೇ ನೀರು ಕುಡಿದು ಕೂತಿರುತ್ತದೆ, ಆರುವುದೆಲ್ಲಿಂದ? ಈಗ ಅದರಲ್ಲಿ ತುಳಸಿ ಇದೆ.

ಭಾವನೂ ಎಡವಿದ್ದುಂಟು. ಎಣ್ಣೆಯಲ್ಲಿ ಮುಳುಗಿದ್ದಕ್ಕೆ ಸಾವಿಲ್ಲವೆಂದು ಸುಲಿದ ಹಸಿ ಬೆಳ್ಳುಳ್ಳಿಯನ್ನು ಬರೀ ಎಣ್ಣೆಯಲ್ಲಿ ತುಂಬಿಟ್ಟರು. ನರ್ಸ್ ಆಗಿರುವ ಸೊಸೆ ಅದನ್ನು ಹಾಗೇ ಹೊರಗೆ ಹಾಕಿದಳು. ಗಾಳಿ ಇಲ್ಲದ ಜಾಗವೇ ಬೊಟುಲಿನಮ್ ಎಂಬ ಕ್ರಿಮಿಗೆ ತವರು, ಪಿಎಚ್ 4.6ಕ್ಕಿಂತ ಕೆಳಗಿನ ಹುಳಿ ಅಥವಾ ನೂರಕ್ಕೆ ಹತ್ತರಷ್ಟು ಉಪ್ಪು ಇದ್ದರೆ ಮಾತ್ರ ಅದು ಬೆಳೆಯದು, ಬೆಳ್ಳುಳ್ಳಿಗೆ ಎರಡೂ ಇರಲಿಲ್ಲ. ಭಾವ ಮೂರು ದಿನ ಮಾತು ಬಿಟ್ಟರು. ನಾಲ್ಕನೆಯ ದಿನ ಇದನ್ನೇ ಸ್ವಂತ ಸಂಶೋಧನೆಯಂತೆ ಪಕ್ಕದ ಮನೆಗೆ ವಿವರಿಸುತ್ತಿದ್ದರು.

ಕಳೆದ ಆಷಾಢದಲ್ಲಿ ಮೂರು ದಿನ ಕರೆಂಟಿಲ್ಲ. ನೆರೆಯವರೆಲ್ಲ ಫ್ರಿಜ್ ಖಾಲಿ ಮಾಡಿ, ಬಾಟಲಿ ಹಿಡಿದು ಭಾವನ ಬಾಗಿಲಿಗೆ ಬಂದರು. ಮುಂಡಗೋಡದ ಟಿಬೆಟನ್ ಕ್ಯಾಂಪಿನಿಂದ ತಂದ ಖಾರದ ಸಾಸನ್ನು ಮೂಸಿ, ವಿನೆಗರ್ ಮೂಗಿಗೆ ಹೊಡೆದ ಮೇಲೆ, ಒಳಗೆ ಬಿಟ್ಟರು. ‘ಸಕ್ಕರೆ ಕಡಿಮೆ’ ಎಂದು ಹೆಮ್ಮೆಯಿಂದ ಬರೆದಿದ್ದ ಜಾಮ್ ವಾಪಸ್ಸು. ನೂರಕ್ಕೆ ಅರವತ್ತೈದು ಪಾಲು ಸಿಹಿ ಇಲ್ಲದ್ದು ಹೊರಗೆ ನಿಲ್ಲುವುದೇ?

‘ಇದು ಜಾಮಲ್ಲ, ಪಾಯಸ. ಇವತ್ತೇ ತಿಂದು ಮುಗ್ಸಿ.’

ಕೊಡೆ ಮಡಚಿದ ನೆರೆಯಾತ ನೀರಿಳಿಯುವ ಕೈಯಲ್ಲೇ ಭರಣಿಯ ಬಟ್ಟೆ ಸರಿಸಲು ಬಗ್ಗಿದ. ಭಾವ ಮಾತಾಡದೆ ಟವೆಲ್ಲು ಎಸೆದರು.