ಹಾಡಿನ ಸರ್ವರು ಮರೆತಾಗ: ಗೃಹಸ್ಥರಿಗೊಂದು ಕೈಪಿಡಿ

ಈ ಕೈಪಿಡಿ ಯಾರಿಗೆ

ಟಿವಿ ಸ್ಟ್ಯಾಂಡಿನ ಹಿಂದೆಯೋ ಚಪ್ಪಲಿ ಗೂಡಿನ ಮೇಲೋ ಅಂಗೈಯಗಲದ ರಾಸ್ಪ್‌ಬೆರಿ ಪೈ ಒಂದನ್ನು ಕೂರಿಸಿ, ಅದಕ್ಕೊಂದು ಹಾರ್ಡ್ ಡಿಸ್ಕ್ ಸಿಕ್ಕಿಸಿ, "ಇನ್ನು ಮೇಲೆ ನಮ್ಮನೆ ಹಾಡು ನಮ್ಮ ಸರ್ವರಿನಿಂದಲೇ" ಎಂದು ಮನೆಮಂದಿಗೆಲ್ಲ ಸಾರಿದ ಗೃಹಸ್ಥರಿಗಾಗಿ ಇದು. ತಿಂಗಳ ಚಂದಾ ಕಟ್ಟಿ ಫೋನಿನಲ್ಲಿ ಹಾಡು ಕೇಳುವವರು ಓದಬೇಕಾಗಿಲ್ಲ. ಅವರು ಸುಖವಾಗಿದ್ದಾರೆ, ಇರಲಿ.

ಉದಾಹರಣೆಗೆ ನ್ಯಾವಿಡ್ರೋಮ್ ಎಂಬ ಸರ್ವರನ್ನು ಆರಿಸಿಕೊಂಡಿದ್ದೇವೆ. ಬಿಟ್ಟಿಯಾಗಿ ಸಿಗುತ್ತದೆ, ಬಡ ಯಂತ್ರದಲ್ಲೂ ಬಾಳುತ್ತದೆ. ಜೆಲ್ಲಿಫಿನ್, ಪ್ಲೆಕ್ಸ್, ಲಿರಿಯನ್ ಇಟ್ಟುಕೊಂಡವರೂ ಓದಬಹುದು; ಎಲ್ಲರ ಹೊಟ್ಟೆಯಲ್ಲಿರುವುದೂ ಎಸ್‌ಕ್ಯೂಲೈಟ್ ಎಂಬ ಒಂದೇ ಡೇಟಾಬೇಸು. 2000ದಲ್ಲಿ ಡಿ. ರಿಚರ್ಡ್ ಹಿಪ್ ಎಂಬವರು ಬರೆದ ಇದು ಇಡೀ ದಫ್ತರವನ್ನು ಒಂದೇ ಫೈಲಿನೊಳಗೆ ಇಟ್ಟುಕೊಳ್ಳುತ್ತದೆ. ನಿಮ್ಮ ಫೋನಿನಲ್ಲೂ ಬ್ರೌಸರಿನಲ್ಲೂ ಅದೇ ಕೂತಿದೆ.

ಮುಂದುವರಿಯುವ ಮೊದಲು ಒಂದು ಮಾತು. ಹಾಡು ಬೇರೆ, ಹಾಡಿನ ದಫ್ತರ ಬೇರೆ. ಹಾಡುಗಳು ಎಂಪಿ3, ಫ್ಲಾಕ್ ಫೈಲುಗಳಾಗಿ ಹಾರ್ಡ್ ಡಿಸ್ಕಿನಲ್ಲಿ ಮಲಗಿವೆ. ಯಾವುದು ಎಲ್ಲಿದೆ, ಯಾರು ಹಾಡಿದ್ದು, ನೀವು ಎಷ್ಟು ಸಲ ಕೇಳಿದಿರಿ, ಯಾವುದರ ಮುಂದೆ ಹೃದಯದ ಗುರುತು ಒತ್ತಿದಿರಿ ಎಂಬುದಷ್ಟೇ ಡೇಟಾಬೇಸಿನಲ್ಲಿರುವುದು. ಮೊದಲನೆಯದು ನೂರಾರು ಜಿಬಿ, ಎರಡನೆಯದು ಕೆಲವು ಎಂಬಿ. ಕೆಡುವುದು ಎರಡನೆಯದು, ಗೃಹಸ್ಥರು ಅಳುವುದು ಮೊದಲನೆಯದಕ್ಕಾಗಿ. ಅಳುವನ್ನು ಸರಿಯಾದ ವಿಳಾಸಕ್ಕೆ ತಲುಪಿಸುವುದೇ ಈ ಕೈಪಿಡಿಯ ಉದ್ದೇಶ.

ಲಕ್ಷಣಗಳು

ಬೆಳಗಿನ ಜಾವ ಅಮ್ಮ ಸುಪ್ರಭಾತ ಒತ್ತುತ್ತಾರೆ. ಎಂ.ಎಸ್. ಸುಬ್ಬುಲಕ್ಷ್ಮಿ ದನಿ ಎತ್ತುವುದಿಲ್ಲ. "ಏನೋ ಇದು, ನಿನ್ನ ಡಬ್ಬ ಇವತ್ತು ಏಳ್ಲೇ ಇಲ್ವಲ್ಲೋ" ಎಂದು ಮೆಟ್ಟಿಲ ಬುಡದಿಂದ ಕೂಗು ಬರುತ್ತದೆ. ನೀವು ಲಾಗ್ ತೆರೆದರೆ ಅಲ್ಲೊಂದು ಸಾಲು: ಡೇಟಾಬೇಸ್ ಡಿಸ್ಕ್ ಇಮೇಜ್ ಈಸ್ ಮಾಲ್‌ಫಾರ್ಮ್ಡ್. ಈ ಸಾಲನ್ನು ಅಮ್ಮನಿಗೆ ಓದಿ ಹೇಳಬೇಡಿ.

ಹಿಂದಿನ ರಾತ್ರಿ ಗುಡುಗು ಮಳೆಗೆ ಕರೆಂಟು ಹೋಗಿ, ಬಂದು, ಮತ್ತೆ ಹೋಗಿರುತ್ತದೆ. ಎಸ್‌ಕ್ಯೂಲೈಟ್ ಕರೆಂಟು ಹೋದ ಮಾತ್ರಕ್ಕೆ ಕೆಡುವ ಪೈಕಿಯಲ್ಲ. ಮಾಡಬೇಕಾದ ಬದಲಾವಣೆಯನ್ನು ಪಕ್ಕದ ಫೈಲಿನಲ್ಲಿ ಗುರುತು ಹಾಕಿಕೊಂಡೇ ಕೆಲಸಕ್ಕೆ ಇಳಿಯುತ್ತದೆ, ಅರ್ಧಕ್ಕೆ ನಿಂತರೆ ಎದ್ದಮೇಲೆ ತಾನೇ ಸರಿಮಾಡಿಕೊಳ್ಳುತ್ತದೆ. ಆದರೆ "ಬರೆದೆಯಾ?" ಎಂದು ಅದು ಕೇಳಿದಾಗ ಮೆಮೊರಿ ಕಾರ್ಡು ಬರೆಯದೆಯೇ "ಹ್ಞೂಂ, ಬರೆದೆ" ಎಂದುಬಿಟ್ಟರೆ ಯಾವ ಜಾಣತನವೂ ನಡೆಯುವುದಿಲ್ಲ. ಮನೆಬಳಕೆಯ ಡಿಸ್ಕು, ಕಾರ್ಡುಗಳು ಹೀಗೆ ಸುಳ್ಳು ಹೇಳುವುದುಂಟು ಎಂದು ಎಸ್‌ಕ್ಯೂಲೈಟ್ ತಯಾರಕರೇ ಬರೆದಿಟ್ಟಿದ್ದಾರೆ. ಡೇಟಾಬೇಸನ್ನು ಕೆಡಿಸುವುದು ಹೇಗೆ ಎಂಬ ಅರ್ಥದ ತಲೆಬರಹವಿರುವ ದಾಖಲೆಯೇ ಅವರಲ್ಲಿದೆ. ತಮ್ಮ ಸರಕು ಹಾಳಾಗುವ ದಾರಿಗಳನ್ನು ಇಷ್ಟು ಪ್ರಾಮಾಣಿಕವಾಗಿ ಪಟ್ಟಿ ಮಾಡಿಕೊಟ್ಟ ಇನ್ನೊಬ್ಬ ತಯಾರಕರನ್ನು ಮಿಕ್ಸಿ, ಗ್ರೈಂಡರುಗಳ ಲೋಕದಲ್ಲಿ ನಾವು ಕಂಡಿಲ್ಲ. ಆ ಪಟ್ಟಿಯ ಇನ್ನೊಂದು ದಾರಿಯೂ ಗೃಹಸ್ಥರಿಗೆ ಪ್ರಿಯವಾದದ್ದೇ: ಡೇಟಾಬೇಸ್ ಫೈಲನ್ನು ನೆಟ್‌ವರ್ಕ್ ಮೇಲಿನ ಇನ್ನೊಂದು ಯಂತ್ರದ ಡಿಸ್ಕಿನಲ್ಲಿ ಇಡುವುದು. ಅಲ್ಲಿ ಬೀಗ ಹಾಕಿದೆ ಎಂದು ಇದು ತಿಳಿದಿರುತ್ತದೆ, ಬೀಗ ಬಿದ್ದಿರುವುದಿಲ್ಲ. ಹಾಡುಗಳು ಬೇಕಾದರೆ ದೂರ ಇರಲಿ, ದಫ್ತರ ಸರ್ವರಿನ ಪಕ್ಕದಲ್ಲೇ ಇರಬೇಕು.

ಹಂತ 1: ಏನೂ ಮಾಡಬೇಡಿ

ಎಲ್ಲಕ್ಕಿಂತ ಕಷ್ಟದ ಹಂತ ಇದು. ಕೈ ತಾನಾಗಿ ರೀಸ್ಟಾರ್ಟಿನತ್ತ ಹೋಗುತ್ತದೆ, ಹಿಡಿದುಕೊಳ್ಳಿ. ಸರ್ವರು ಎದ್ದಷ್ಟು ಸಲವೂ ಕೆಟ್ಟ ಫೈಲಿನ ಮೇಲೆ ಇನ್ನಷ್ಟು ಬರೆಯುತ್ತದೆ. ಅದನ್ನು ನಿಲ್ಲಿಸಿ. ಡಾಕರ್‌ನಲ್ಲಿ ಓಡಿಸುತ್ತಿದ್ದರೆ ತಾನಾಗಿ ಏಳದಂತೆ ಕಂಟೈನರನ್ನೇ ನಿಲ್ಲಿಸಿ. ಆಮೇಲೆ ಕಾಫಿ ಕುಡಿಯಿರಿ.

ಕಾಫಿಯ ಹೊತ್ತಿನಲ್ಲಿ ಪ್ರಶ್ನೆಗಳು ಬರುತ್ತವೆ. "ಯೂಟ್ಯೂಬಲ್ಲಿ ಎಲ್ಲಾ ಇದೆಯಲ್ರೀ?" ಎಂಬುದು ಮೊದಲನೆಯದು. ಇದಕ್ಕೆ ತಾಂತ್ರಿಕ ಉತ್ತರವಿಲ್ಲ. "ಅಪ್ಪ, ನನ್ನ ಪ್ಲೇಲಿಸ್ಟ್ ಇದೆ ತಾನೇ?" ಎಂಬ ಎರಡನೆಯದಕ್ಕೆ ಹಂತ 4ರ ತನಕ ಉತ್ತರ ಕೊಡಬೇಡಿ.

ಹಂತ 2: ಮೂವರನ್ನೂ ಒಟ್ಟಿಗೆ ಕರೆದೊಯ್ಯಿರಿ

ಡೇಟಾ ಫೋಲ್ಡರಿನಲ್ಲಿ ನ್ಯಾವಿಡ್ರೋಮ್ ಡಾಟ್ ಡಿಬಿ ಎಂಬ ಫೈಲಿದೆ. ಅದರ ಪಕ್ಕದಲ್ಲಿ ಅದೇ ಹೆಸರಿಗೆ ವಾಲ್ ಎಂದೂ ಎಸ್‌ಎಚ್‌ಎಂ ಎಂದೂ ಬಾಲ ಅಂಟಿಸಿಕೊಂಡ ಇನ್ನೆರಡು ಇರಬಹುದು. ಇವು ಕಸವಲ್ಲ. ವಾಲ್ ಫೈಲಿನಲ್ಲಿ ಇನ್ನೂ ಮುಖ್ಯ ಫೈಲಿಗೆ ಸೇರದ ಬರಹ ಇರುತ್ತದೆ. ನಿನ್ನೆ ಸಂಜೆ ಒತ್ತಿದ ಹೃದಯಗಳೆಲ್ಲ ಅಲ್ಲೇ ಇರಬಹುದು. ಅದನ್ನು ಅಳಿಸಿದವರು ಕೆಡದೇ ಇದ್ದದ್ದನ್ನೂ ಕೆಡಿಸಿದಂತೆ. ಮೂರನ್ನೂ ಬೇರೊಂದು ಡಿಸ್ಕಿಗೆ ನಕಲು ಮಾಡಿ. ಇನ್ನು ಮುಂದಿನ ಪ್ರಯೋಗವೆಲ್ಲ ನಕಲಿನ ಮೇಲೆ, ಮೂಲವನ್ನು ಮುಟ್ಟುವ ಹಾಗಿಲ್ಲ. ನಕಲು ಮಾಡುವಾಗಲೇ ಕಾರ್ಡು ತಡವರಿಸಿದರೆ ಕಾರ್ಡಿನ ಆಯುಷ್ಯವೇ ಮುಗಿದಿದೆ. ಡಿಡಿರೆಸ್ಕ್ಯೂ ಎಂಬ ಉಪಕರಣದಿಂದ ಸಿಕ್ಕಿದಷ್ಟನ್ನು ಎತ್ತಿಕೊಂಡು ಕಾರ್ಡನ್ನು ಎಸೆಯಿರಿ.

ಹಂತ 3: ಕೇಳಿ ನೋಡಿ

ನಕಲನ್ನು ಎಸ್‌ಕ್ಯೂಲೈಟ್3ರಲ್ಲಿ ತೆರೆದು ಪ್ರಾಗ್ಮಾ ಇಂಟೆಗ್ರಿಟಿ ಚೆಕ್ ಎಂಬ ಆಜ್ಞೆ ಕೊಡಿ. ಓಕೆ ಎಂದರೆ ದಫ್ತರ ಕೆಟ್ಟಿಲ್ಲ. ತಪ್ಪು ಬೇರೆಲ್ಲೋ ಇದೆ, ಡಿಸ್ಕ್ ತುಂಬಿದೆಯೇ ನೋಡಿ. ಇಲ್ಲವಾದರೆ ಅದು ದೂರು ಹೇಳತೊಡಗುತ್ತದೆ, 100 ದೂರು ಮುಗಿದ ಮೇಲೆ ತಾನೇ ಸುಮ್ಮನಾಗುತ್ತದೆ. ಈ ಸೌಜನ್ಯವನ್ನು ಮನೆಯ ಇತರ ಸದಸ್ಯರಿಂದ ನಿರೀಕ್ಷಿಸಬೇಡಿ. ದೂರುಗಳೆಲ್ಲ ಇಂಡೆಕ್ಸಿನ ಬಗ್ಗೆ ಮಾತ್ರವಾಗಿದ್ದರೆ ನೀವು ಅದೃಷ್ಟವಂತರು: ರೀಇಂಡೆಕ್ಸ್ ಎಂದು ಒಂದು ಮಾತು ಹೇಳಿದರೆ ಬಗೆಹರಿಯಬಹುದು.

ಹಂತ 4: ಅಗೆದು ತೆಗೆಯುವುದು

ಬಲ್ಲವರು ಮೊದಲು ಹೇಳಿಕೊಡುವ ಮದ್ದು ಡಂಪ್. ಒಳಗಿನದನ್ನೆಲ್ಲ ಪಠ್ಯವಾಗಿ ಹೊರಗೆ ಸುರಿದು ಹೊಸ ಫೈಲಿಗೆ ತುಂಬುವುದು. ಕೇಳಲು ಚೆನ್ನ. ಆದರೆ ಸುರಿಯುವಾಗ ತಪ್ಪು ಎದುರಾದರೆ ಡಂಪ್ ತನ್ನ ಕೊನೆಯ ಸಾಲಿನಲ್ಲಿ ಸದ್ದಿಲ್ಲದೆ ರೋಲ್‌ಬ್ಯಾಕ್ ಎಂದು ಬರೆದಿಡುತ್ತದೆ. ಹೊಸ ಫೈಲು ಎಲ್ಲವನ್ನೂ ವಿಧೇಯವಾಗಿ ಓದಿಕೊಂಡು, ಕೊನೆಯ ಸಾಲಿಗೆ ಬಂದು, ಓದಿದ್ದನ್ನೆಲ್ಲ ಮರೆತುಬಿಡುತ್ತದೆ. ಗೃಹಸ್ಥರು ಖಾಲಿ ಡೇಟಾಬೇಸಿನ ಮುಂದೆ ತಲೆಯ ಮೇಲೆ ಕೈಹೊತ್ತು ಕೂರುವುದು ಈ ಜಾಗದಲ್ಲೇ. ಆ ಕೊನೆಯ ಸಾಲನ್ನು ಕಮಿಟ್ ಎಂದು ತಿದ್ದಿದರೆ ಸುರಿದಷ್ಟಾದರೂ ಉಳಿಯುತ್ತದೆ.

ಇದಕ್ಕಿಂತ ಮೇಲಾದದ್ದು 2019ರಿಂದ ಇರುವ ಡಾಟ್ ರಿಕವರ್ ಆಜ್ಞೆ. ಇದು ದಫ್ತರದ ಕ್ರಮವನ್ನು ನಂಬದೆ ಫೈಲಿನ ಪುಟಪುಟವನ್ನೂ ತಿರುವಿ, ಓದಲು ಬಂದ ಸಾಲನ್ನೆಲ್ಲ ಎತ್ತಿಕೊಡುತ್ತದೆ. ಯಾವ ಕೋಷ್ಟಕಕ್ಕೆ ಸೇರಿದ್ದೆಂದು ತಿಳಿಯದ ಸಾಲುಗಳನ್ನು ಲಾಸ್ಟ್ ಆ್ಯಂಡ್ ಫೌಂಡ್ ಎಂಬ ಹೊಸ ಕೋಷ್ಟಕ ಮಾಡಿ, ಜಾತ್ರೆಯಲ್ಲಿ ತಪ್ಪಿಸಿಕೊಂಡ ಮಕ್ಕಳನ್ನು ಮೈಕಿನ ಪಕ್ಕ ಕೂರಿಸುವಂತೆ ಕೂರಿಸುತ್ತದೆ. ಹೆಸರು ಕೇಳಿದರೆ ಹೇಳುವುದಿಲ್ಲ. ಕಾಲಂಗಳಿಗೆ ಸಿ0, ಸಿ1, ಸಿ2 ಎಂದಷ್ಟೇ ಇರುತ್ತದೆ. ಒಂದು ಸಾಲಿನಲ್ಲಿ ಬರೀ 4 ಇದೆ. ನೀವು ಕೊಟ್ಟ ನಾಲ್ಕು ನಕ್ಷತ್ರವೇ, ಕ್ಯಾಸೆಟ್ಟಿನ ನಾಲ್ಕನೆಯ ಹಾಡೇ, ನಾಲ್ಕು ಸಲ ಕೇಳಿದ ಲೆಕ್ಕವೇ? ಇದನ್ನು ಬಿಡಿಸಲು ಭಾನುವಾರವೊಂದು ಹೋಗುತ್ತದೆ. ಬಿಡಿಸಲೇಬೇಕೆಂದೇನಿಲ್ಲ ಎಂಬುದು ನಮ್ಮ ಅಭಿಪ್ರಾಯ. ಹೊಸ ಫೈಲಿನ ಮೇಲೆ ಹಂತ 3ನ್ನು ಮತ್ತೆ ಮಾಡಿ, ಓಕೆ ಬಂದರೆ ಸರ್ವರಿಗೆ ಕೊಟ್ಟು ನೋಡಿ. ವಾಲ್ ಬಾಲದ ಹಳೆಯ ಫೈಲು ಮಾತ್ರ ಹೊಸದರ ಪಕ್ಕದಲ್ಲಿ ಉಳಿದಿರಬಾರದು.

ಮಗಳ ಪ್ಲೇಲಿಸ್ಟಿನ ಪ್ರಶ್ನೆಗೆ ಈಗ ಉತ್ತರಿಸಬಹುದು.

ಹಂತ 5: ಏನೂ ಸಿಗದಿದ್ದರೆ

ಖಾಲಿ ಡೇಟಾಬೇಸಿನೊಂದಿಗೆ ಸರ್ವರನ್ನು ಎಬ್ಬಿಸಿ. ಅದು ಹಾಡಿನ ಫೋಲ್ಡರುಗಳನ್ನು ಮೊದಲಿಂದ ಸುತ್ತಿ, ಒಂದೊಂದು ಫೈಲಿನ ಟ್ಯಾಗ್ ಓದಿ ಹೊಸ ದಫ್ತರ ಬರೆಯುತ್ತದೆ. ದೊಡ್ಡ ಸಂಗ್ರಹಕ್ಕೆ ಹೊತ್ತು ಹಿಡಿಯುತ್ತದೆ, ಅಷ್ಟೇ. ಅಮ್ಮನ ಸುಪ್ರಭಾತ ಈ ಹಂತದಲ್ಲೇ ವಾಪಸು.

ಇಲ್ಲಿ ನಿಮ್ಮ ಟ್ಯಾಗುಗಳ ಬಂಡವಾಳ ಬಯಲಾಗುತ್ತದೆ. ಹಳೆಯ ದಫ್ತರದಲ್ಲೂ ಹೀಗೇ ಇತ್ತು, ನೀವು ಕಣ್ಣು ಹಾಯಿಸಿರಲಿಲ್ಲ. ಪಿ.ಬಿ. ಶ್ರೀನಿವಾಸ್, ಪಿಬಿ ಶ್ರೀನಿವಾಸ, ಡಾ. ಪಿಬಿಎಸ್ ಎಂದು ಮೂವರು ಗಾಯಕರು ಬೇರೆಬೇರೆ ಮನೆ ಮಾಡಿಕೊಂಡಿದ್ದಾರೆ. 1974ರ 'ಎರಡು ಕನಸು' ಚಿತ್ರಕ್ಕೆ ಸಂಗೀತ ರಾಜನ್-ನಾಗೇಂದ್ರರದು, ಹಾಡಿದವರು ಪಿ.ಬಿ. ಶ್ರೀನಿವಾಸ್, ಎಸ್. ಜಾನಕಿ, ವಾಣಿ ಜಯರಾಂ. ಆಲ್ಬಂ ಆರ್ಟಿಸ್ಟ್ ಎಂಬ ಕಾಲಂ ಖಾಲಿ ಬಿಟ್ಟಿದ್ದರೆ ಸರ್ವರು ಒಬ್ಬೊಬ್ಬ ಗಾಯಕರಿಗೆ ಒಂದೊಂದು ಆಲ್ಬಂ ಮಾಡಿ, ಯುಗಳಗೀತೆಗೆ ಇನ್ನೊಂದು ಮಾಡಿ, ಎರಡು ಕನಸನ್ನು ನಾಲ್ಕು ಮಾಡಿ ತೋರಿಸುತ್ತದೆ. ಆ ಕಾಲಂನಲ್ಲಿ ರಾಜನ್-ನಾಗೇಂದ್ರ ಎಂದು ತುಂಬಿ. ಚಿತ್ರಸಂಗೀತಕ್ಕೆ ಇದಕ್ಕಿಂತ ನ್ಯಾಯವಾದ ವ್ಯವಸ್ಥೆ ನಮಗೆ ಕಂಡಿಲ್ಲ.

ಹಳೆಯ ಎಂಪಿ3 ಆದರೆ ಇನ್ನೂ ಸ್ವಾರಸ್ಯವಿದೆ. 1996ರ ಮೊದಲ ಐಡಿ3 ಟ್ಯಾಗು ಇಡೀ 128 ಬೈಟು, ಅದರಲ್ಲಿ ಶೀರ್ಷಿಕೆಗೆ 30. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟು ಬೇಕು, ಒತ್ತು, ಕೊಂಬು, ದೀರ್ಘ ಎಲ್ಲಕ್ಕೂ ಪ್ರತ್ಯೇಕ ಲೆಕ್ಕ. 'ಭಾಗ್ಯದ ಲಕ್ಷ್ಮೀ ಬಾರಮ್ಮ' ಎಂದು ಅದರಲ್ಲಿ ತುರುಕಿದರೆ 'ಭಾಗ್ಯದ ಲಕ್' ಎಂಬಲ್ಲಿಗೆ ಜಾಗ ಮುಗಿದು, ಬಾಲಕ್ಕೆ ಒಂದು ಚೂರು ಕಸ ಅಂಟಿಕೊಳ್ಳುತ್ತದೆ. ಅದೇ ಟ್ಯಾಗಿನ ಮೂಲ 80 ಪ್ರಕಾರಗಳ ಪಟ್ಟಿಯಲ್ಲಿ ಪೋಲ್ಕಾ ಕುಣಿತಕ್ಕೆ ಜಾಗವಿತ್ತು, ಕರ್ನಾಟಕ ಸಂಗೀತಕ್ಕೆ ಇರಲಿಲ್ಲ. ರಾಗ ಬರೆಯಲು ಕಾಲಂ ಕಾಣದ ರಸಿಕರು ಪ್ರಕಾರ ಎಂಬಲ್ಲೇ ಕಲ್ಯಾಣಿ, ತೋಡಿ ಎಂದು ತುಂಬಿದರು. ತಪ್ಪೆಂದು ಹೇಳುವ ಧೈರ್ಯ ನಮಗಿಲ್ಲ. ಮ್ಯೂಸಿಕ್‌ಬ್ರೈನ್ಸ್ ಪಿಕಾರ್ಡ್ ಎಂಬ ತಂತ್ರಾಂಶ ಹಾಡನ್ನೇ ಕೇಳಿಸಿಕೊಂಡು ಗುರುತು ಹಿಡಿಯಲು ನೋಡುತ್ತದೆ. ಆದರೆ ಮದುವೆ ಮನೆಯಲ್ಲಿ ಚಿಕ್ಕಪ್ಪ ಟೇಪ್ ರೆಕಾರ್ಡರಿನಲ್ಲಿ ಹಿಡಿದ ದೇವರನಾಮ ಅದಕ್ಕೆ ಹೇಗೆ ಗೊತ್ತಾಗಬೇಕು? ಅವನ್ನು ಕೈಯಾರೆ ತುಂಬಬೇಕು, ಹಾಡಿದ ಅತ್ತೆಗೆ ಫೋನ್ ಮಾಡಿ ಕೇಳಿ ತುಂಬಬೇಕು.

ಫೈಲಿನ ಒಳಗೇ ಬರೆದ ಹೆಸರು ದಫ್ತರ ಸತ್ತರೂ ಸಾಯುವುದಿಲ್ಲ. ಇದು ಹಳೆಯ ವಿವೇಕ. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನಿಗೆ ಹಾಡಿದ ಗೌಹರ್ ಜಾನ್, ಹಾಡು ಮುಗಿಯುತ್ತಲೇ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳಿದಳು. ತಟ್ಟೆ ಒತ್ತುತ್ತಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ. ಯಾರ ಹಾಡಿಗೆ ಯಾವ ಲೇಬಲ್ ಎಂದು ಅಲ್ಲಿನವರಿಗೆ ತಿಳಿಯಬೇಕಿತ್ತು. ಯಾವ ಡೇಟಾಬೇಸು ಕೆಟ್ಟರೂ ಆ ಹಾಡು ಯಾರದೆಂದು ಹೊಸದಾಗಿ ಹುಡುಕಬೇಕಾಗಿಲ್ಲ.

ನಿಜಕ್ಕೂ ಹೋದದ್ದು

ಈಗ ಅಳುವ ವಿಳಾಸಕ್ಕೆ ಬಂದೆವು. ಹೊಸ ದಫ್ತರದಲ್ಲಿ ಹಾಡುಗಳೆಲ್ಲ ಇವೆ, ನೀವು ಇಲ್ಲ. ಕೇಳಿದ ಲೆಕ್ಕಗಳೆಲ್ಲ ಸೊನ್ನೆ, ಹೃದಯಗಳೆಲ್ಲ ಬಿಳಿ. ಅಪ್ಪನ ಕ್ಯಾಸೆಟ್ಟಿನಿಂದ ಎಂದೋ ಇಳಿಸಿದ ಮೈಸೂರು ಅನಂತಸ್ವಾಮಿಯವರೂ ಮೊನ್ನೆ ಬಂದ ಚಿತ್ರದ ಹಾಡೂ ಇವತ್ತೇ ಒಟ್ಟಿಗೆ ಮನೆಗೆ ಬಂದವೆಂದು ಸರ್ವರು ಬರೆದುಕೊಂಡಿದೆ. (ಸೆಟ್ಟಿಂಗಿನಲ್ಲಿ ರೀಸೆಂಟ್ಲಿ ಆ್ಯಡೆಡ್ ಬೈ ಮಾಡ್ ಟೈಮ್ ಎಂಬುದನ್ನು ಒತ್ತಿದರೆ ಫೈಲಿನ ದಿನಾಂಕ ಹಿಡಿದು ಸ್ವಲ್ಪ ಮಟ್ಟಿಗೆ ತಿದ್ದಿಕೊಳ್ಳುತ್ತದೆ.) ಅಪ್ಪ ತೀರಿಕೊಂಡ ವರ್ಷ ನೀವು ಯಾವ ಹಾಡನ್ನು ಮತ್ತೆ ಮತ್ತೆ ಹಾಕಿದಿರಿ ಎಂಬುದು ಯಾವ ಟ್ಯಾಗಿನಲ್ಲೂ ಇರುವುದಿಲ್ಲ. ಅದು ದಫ್ತರದಲ್ಲಿ ಮಾತ್ರ ಇತ್ತು.

ಲಿರಿಯನ್ ಕಟ್ಟಿದವರಿಗೆ ಇದು ಮೊದಲೇ ಹೊಳೆದಿತ್ತು. ಅವರಲ್ಲಿ ಫೈಲುಗಳಿಂದ ಮತ್ತೆ ಕಟ್ಟಬಹುದಾದದ್ದಕ್ಕೆ ಲೈಬ್ರರಿ ಡಾಟ್ ಡಿಬಿ, ಕಟ್ಟಲಾಗದ ಕೇಳಿದ ಲೆಕ್ಕ ಮತ್ತು ರೇಟಿಂಗಿಗೆ ಪರ್ಸಿಸ್ಟ್ ಡಾಟ್ ಡಿಬಿ ಎಂದು ದಫ್ತರವೇ ಎರಡು. ನ್ಯಾವಿಡ್ರೋಮಿನವರು ಆ ಬೇರ್ಪಡಿಸುವ ಕೆಲಸವನ್ನು ತಾವೇ ಮಾಡಿಕೊಳ್ಳಬೇಕು. ಪ್ಲೇಲಿಸ್ಟುಗಳನ್ನು ಎಂ3ಯು ಫೈಲುಗಳಾಗಿ ಇಳಿಸಿ ಹಾಡಿನ ಫೋಲ್ಡರಿನಲ್ಲೇ ಇಡಿ, ಸ್ಕ್ಯಾನ್ ಆದಾಗ ಸರ್ವರು ತಾನೇ ಎತ್ತಿಕೊಳ್ಳುತ್ತದೆ. ಕೇಳಿದ ಲೆಕ್ಕವನ್ನು ಲಿಸನ್‌ಬ್ರೈನ್ಸಿಗೋ ಲಾಸ್ಟ್ ಎಫ್‌ಎಂಗೋ ಕಳುಹಿಸುತ್ತಿದ್ದರೆ ಹೊರಗೊಂದು ಪ್ರತಿ ಉಳಿಯುತ್ತದೆ. ನಡುರಾತ್ರಿ ಏನು ಕೇಳಿದಿರೆಂಬುದು ಊರಿಗೆ ತಿಳಿದರೂ ಪರವಾಗಿಲ್ಲ ಎನ್ನುವವರಿಗೆ.

ಹಂತ 6: ಇವತ್ತೇ

ಸರ್ವರು ಓಡುತ್ತಿರುವಾಗ ಡೇಟಾಬೇಸನ್ನು ಸುಮ್ಮನೆ ಕಾಪಿ ಮಾಡಬೇಡಿ, ಅರ್ಧ ಹಳೆಯದು ಅರ್ಧ ಹೊಸದು ಬಂದೀತು. ಎಸ್‌ಕ್ಯೂಲೈಟಿನ ಡಾಟ್ ಬ್ಯಾಕಪ್ ಆಜ್ಞೆ ಇದಕ್ಕೆಂದೇ ಇದೆ. ಈಚಿನ ನ್ಯಾವಿಡ್ರೋಮಿನಲ್ಲಿ ಬ್ಯಾಕಪ್ ಒಳಗೇ ಬಂದಿದೆ: ಎಲ್ಲಿ ಇಡಬೇಕು, ಯಾವಾಗ ತೆಗೆಯಬೇಕು, ಎಷ್ಟು ಪ್ರತಿ ಉಳಿಸಬೇಕು ಎಂದು ಮೂರು ಸೆಟ್ಟಿಂಗು ತುಂಬಿದರೆ ಸಾಕು. ಅದು ದಫ್ತರವನ್ನಷ್ಟೇ ಉಳಿಸುತ್ತದೆ, ಹಾಡುಗಳ ಪ್ರತಿಯನ್ನು ನೀವೇ ಬೇರೆ ಡಿಸ್ಕಿಗೆ ತೆಗೆಯಬೇಕು. ಬ್ಯಾಕಪ್ಪನ್ನು ಅದೇ ಮೆಮೊರಿ ಕಾರ್ಡಿನಲ್ಲಿ ಇಡುವವರಿಗೆ ಈ ಕೈಪಿಡಿಯ ಮುಂದಿನ ಆವೃತ್ತಿಯೂ ಬೇಕಾಗುತ್ತದೆ. ಪೈಗೆ ಒಂದು ಎಸ್‌ಎಸ್‌ಡಿ, ಒಂದು ಸಣ್ಣ ಯುಪಿಎಸ್ ಕೊಡಿಸಿ.

ತೆಗೆದಿಟ್ಟ ಬ್ಯಾಕಪ್ಪನ್ನು ಬೇರೆ ಯಂತ್ರದಲ್ಲಿ ಒಮ್ಮೆ ತೆರೆದು, ನಿಮ್ಮ ಹೃದಯಗಳು, ಲೆಕ್ಕಗಳು ಅಲ್ಲಿ ಇವೆಯೇ ಎಂದು ಕಣ್ಣಾರೆ ನೋಡಿ. ಇಲ್ಲದಿದ್ದರೆ, ಸರ್ವರು ಇನ್ನೂ ಚೆನ್ನಾಗಿರುವ ಈ ಹೊತ್ತಿನಲ್ಲೇ ಹೊಸದೊಂದು ತೆಗೆಯಿರಿ.