ಗಡಿಯಾಚೆಯ ಸಲಹೆಗಾರರು

ನಿವೃತ್ತಿಯ ನಿಯಮಗಳು ಸರಕಾರಿ ನೌಕರನ ಶರೀರಕ್ಕೆ ಅನ್ವಯಿಸತಕ್ಕವೇ ಹೊರತು ಆತನ ಜ್ಞಾನಕ್ಕಲ್ಲವೆಂದು ದೃಢವಾಗಿ ನಂಬಿದ ಮಹನೀಯರ ವರ್ಗವೊಂದು ಮೈಸೂರಿನ ಹಳೆಯ ಬಡಾವಣೆಗಳಲ್ಲಿ ಇಂದಿಗೂ ಸುಖವಾಗಿ ಬಾಳುತ್ತಿದೆ. ಪ್ರಾತಃಕಾಲದ ವಾಯುಸೇವನೆಯ ತರುವಾಯ ಉದ್ಯಾನದ ಕಲ್ಲುಬೆಂಚುಗಳನ್ನಲಂಕರಿಸಿ, ತುಟ್ಟಿಭತ್ಯೆಯ ಮುಂದಿನ ಕಂತಿನಿಂದ ಮೊದಲ್ಗೊಂಡು ಹಿಂದಿನ ಜಿಲ್ಲಾಧಿಕಾರಿಗಳ ಗುಣದೋಷಗಳವರೆಗೆ ಸಕಲ ವಿಷಯಗಳನ್ನೂ ವಿಮರ್ಶಿಸುವ ಈ ವಿದ್ವಾಂಸರ ಜ್ಞಾನಕ್ಕೆ ಬಹುಕಾಲ ಅವರವರೇ ಗಿರಾಕಿಗಳಾಗಿದ್ದರು. ಮನೆಯವರಂತೂ ಆ ಸರಕನ್ನು ಎಂದೋ ಹಿಂದಿರುಗಿಸಿಯಾಗಿತ್ತು. ಆದರೆ ಮನೆಯಲ್ಲಿ ಕುಳಿತಂತೆಯೇ ಅಂತರಜಾಲದ ಮುಖೇನ ಪರದೇಶದ ಜನರಿಗೆ ನೆರವಾಗುವ ಏರ್ಪಾಟೊಂದನ್ನು ವಿಶ್ವಸಂಸ್ಥೆಯ ಸ್ವಯಂಸೇವಕ ವಿಭಾಗವು 2000ನೆಯ ಇಸವಿಯಲ್ಲಿಯೇ ಆರಂಭಿಸಿದೆಯೆಂಬ ವಾರ್ತೆಯು, ತಡವಾಗಿಯಾದರೂ, ಇವರ ಕಿವಿಗೆ ಬಿದ್ದಂದಿನಿಂದ ಕಲ್ಲುಬೆಂಚಿನಲ್ಲಿ ಒಂದೊಂದೇ ಸ್ಥಾನ ತೆರವಾಗತೊಡಗಿದೆ.

ಈ ವರ್ಗದ ಪ್ರತಿನಿಧಿಯಾಗಿ ರಾಯರನ್ನು ತೆಗೆದುಕೊಳ್ಳೋಣ. ಆ ಹೆಸರು ಯಾರೊಬ್ಬರ ಸ್ವತ್ತೂ ಅಲ್ಲವಾದ್ದರಿಂದ ಮುನಿಯುವವರಿರಲಾರರು. 1959ರ ಕಾಯಿದೆಯ ಆಳ್ವಿಕೆಯಲ್ಲಿ ಪಂಚಾಯಿತಿ ಕಾರ್ಯದರ್ಶಿಯಾಗಿ ಸೇರಿ, 1983ರ ಕಾಯಿದೆಯ ಮೇರೆಗೆ 1987ರಲ್ಲಿ ಚುನಾವಣೆ ನಡೆದು ಮಂಡಲ ಪಂಚಾಯಿತಿಗಳು ಅವತರಿಸಿದುದನ್ನು ಕಂಡು, 1993ರ ಕಾಯಿದೆಯಿಂದ ಅವುಗಳ ಸ್ಥಾನದಲ್ಲಿ ಗ್ರಾಮ ಪಂಚಾಯಿತಿಗಳು ಬಂದುದನ್ನೂ ಅನುಭವಿಸಿ, ಕಡೆಗೆ ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕಾಧಿಕಾರಿಯಾಗಿ ಹಾರ ಹಾಕಿಸಿಕೊಂಡು ಮನೆಗೆ ಬಂದವರು. ಮೂರು ಕಾಯಿದೆಗಳು ತಲೆಯ ಮೇಲೆ ಹಾದುಹೋದರೂ ಅವರ ಟಿಪ್ಪಣಿಯ ಶೈಲಿಯಲ್ಲಿ ಒಂದು ಅಲ್ಪವಿರಾಮವೂ ಸ್ಥಾನಪಲ್ಲಟಗೊಂಡಿರಲಿಲ್ಲ. ನಾಡು ಅಕ್ಕರೆಯಿಂದ ‘ನೀರ್ ಸಾಬ್’ ಎಂದು ಕರೆದ ಅಬ್ದುಲ್ ನಜೀರ್ ಸಾಬರು ಕೊಳವೆಬಾವಿಗಳನ್ನು ನೋಡಲು ಬಂದಾಗ ತಾವು ಜೀಪಿನ ಹಿಂದಿನ ಆಸನದಲ್ಲಿದ್ದುದಾಗಿ ರಾಯರು ಹೇಳುವುದುಂಟು. ಪ್ರತಿಸಲ ಹೇಳುವಾಗಲೂ ಆ ಆಸನವು ಕೊಂಚ ಕೊಂಚವೇ ಮುಂದಕ್ಕೆ ಸರಿಯುತ್ತ, ಈಚೆಗೆ ಸಚಿವರಿಗೂ ಚಾಲಕನಿಗೂ ನಡುವೆ ಬಂದು ನಿಂತಿದೆ.

ಇಂತಹ ರಾಯರಿಗೆ ಶಿಷ್ಯತ್ವ ವಹಿಸಿದುದು ನೇಪಾಳದ ಬೆಟ್ಟಸೀಮೆಯ ಒಂದು ಗಾಉಪಾಲಿಕೆ, ಎಂದರೆ ಗ್ರಾಮೀಣ ಪುರಸಭೆ. 2015ರ ಸಂವಿಧಾನದ ಫಲವಾಗಿ ಆ ದೇಶದಲ್ಲಿ 753 ಸ್ಥಳೀಯ ಸರಕಾರಗಳು ಹುಟ್ಟಿದವು. ಅವುಗಳಲ್ಲಿ 460 ಈ ಬಗೆಯವು. ಎರಡು ದಶಕಗಳ ಕಾಲ ಸ್ಥಳೀಯ ಚುನಾವಣೆಯನ್ನೇ ಕಾಣದಿದ್ದ ಜನ 2017ರಲ್ಲಿ ಮತ ಹಾಕಿ ತಮ್ಮವರನ್ನು ಕುರ್ಚಿಯಲ್ಲಿ ಕುಳ್ಳಿರಿಸಿದ್ದರು. ಕುರ್ಚಿ ಸಿಕ್ಕಿದ ಮೇಲೆ ಲೆಕ್ಕದ ವಹಿಗಳು ಬೇಕಷ್ಟೆ. ನೀರಿನ ಕರದ ವಸೂಲಿಯನ್ನು ಕ್ರಮಪಡಿಸಲು ಅನುಭವಿಗಳೊಬ್ಬರ ಸಲಹೆ ಬೇಕೆಂದು ಅವರು ಕೋರಿದರು, ರಾಯರು ಒದಗಿದರು. ಆ ಕಡೆಯಿಂದ ಮಾತನಾಡತಕ್ಕವರು ಉಪಾಧ್ಯಕ್ಷೆ. ಅಲ್ಲಿ ಆಯವ್ಯಯವನ್ನು ಸಿದ್ಧಪಡಿಸುವ ಸಮಿತಿಗೂ, ಜಗಳ ತೀರಿಸುವ ನ್ಯಾಯಿಕ ಸಮಿತಿಗೂ ಉಪಾಧ್ಯಕ್ಷರೇ ಮುಖ್ಯಸ್ಥರು. ಸಂಭಾಷಣೆಯ ಭಾಷೆ ಹಿಂದಿ: ಈಕೆಯದು ಚಲನಚಿತ್ರಗಳಿಂದ ಬಂದದ್ದು, ರಾಯರದು ಬಾಲ್ಯದಲ್ಲಿ ತೇರ್ಗಡೆಯಾದ ಮಧ್ಯಮಾ ಪರೀಕ್ಷೆಯಿಂದ.

ಬಂದ ಪ್ರತಿಯೊಂದು ಮಿಂಚಂಚೆಯನ್ನೂ ರಾಯರು ಮುದ್ರಿಸಿ, ಆವಕ ವಹಿಯಲ್ಲಿ ನಮೂದಿಸಿ, ಲೇಸು ಕಟ್ಟಿದ ಕಡತಕ್ಕೆ ಸೇರಿಸಿ, ಪುಟಸಂಖ್ಯೆ ಕೊಟ್ಟು, ಅನಂತರವೇ ಓದುತ್ತಿದ್ದರು. ಗೆಜೆಟೆಡ್ ಅಧಿಕಾರಿಯ ಹಸಿರು ಶಾಯಿಯನ್ನು ನಿವೃತ್ತಿಯ ದಿನ ಕಚೇರಿಯಲ್ಲಿ ಬಿಟ್ಟು ಬರಲು ಅವರಿಗೆ ಮನಸ್ಸಾಗಿರಲಿಲ್ಲವಾಗಿ, ಮೊದಲ ಆಯವ್ಯಯ ಪತ್ರದ ಮೇಲೆ ‘2080/81’ ಎಂದಿದ್ದುದನ್ನು ಕಂಡೊಡನೆ ಅದನ್ನು ಹಸಿರಿನಿಂದ ಸುತ್ತುಗಟ್ಟಿ, ‘ಗುಮಾಸ್ತರ ಅಜಾಗರೂಕತೆ, ಐವತ್ತೇಳು ವರ್ಷ ಮುಂಗಡ, ಸಮಜಾಯಿಷಿ ಪಡೆಯತಕ್ಕದ್ದು’ ಎಂದು ಷರಾ ಬರೆದರು. ಅಲ್ಲಿ ನಡೆಯುವುದು ವಿಕ್ರಮ ಶಕೆಯೆಂದೂ, ಆರ್ಥಿಕ ವರ್ಷ ಶ್ರಾವಣದ ಮೊದಲ ದಿನ ಆರಂಭವಾಗುವುದೆಂದೂ ಉಪಾಧ್ಯಕ್ಷೆ ವಿನಯದಿಂದ ತಿಳಿಸಲಾಗಿ, ರಾಯರು ಷರಾವನ್ನು ಹೊಡೆದುಹಾಕದೆ ಅದರ ಕೆಳಗೆ ‘ಸಮಜಾಯಿಷಿ ಒಪ್ಪಿದೆ’ ಎಂದು ಸಹಿ ಹಾಕಿದರು. ನೇಪಾಳದ ಗಡಿಯಾರ ನಮ್ಮದಕ್ಕಿಂತ ಹದಿನೈದೇ ನಿಮಿಷ ಮುಂದಿರುವುದು ಮತ್ತೊಂದು ಸಂಕಟ. ಸೇವೆಯಲ್ಲಿದ್ದಷ್ಟು ಕಾಲವೂ ಸಭೆಗೆ ಮುಕ್ಕಾಲು ಗಂಟೆ ತಡವಾಗಿ ಹೋಗುವುದೇ ಪದವಿಗೆ ಶೋಭೆಯೆಂದು ತಿಳಿದಿದ್ದವರು, ಅಲ್ಲಿಯ ಹತ್ತು ಗಂಟೆಗೆ ಸರಿಯಾಗಿ ಇಲ್ಲಿ ಒಂಬತ್ತೂಮುಕ್ಕಾಲಕ್ಕೆ ಗಣಕಯಂತ್ರದ ಮುಂದೆ ಕುಳಿತಿರುವುದನ್ನು ಕಂಡು, ಅವರ ಪತ್ನಿ ವೈದ್ಯರನ್ನು ವಿಚಾರಿಸುವುದೊಳ್ಳೆಯದೇನೋ ಎಂದು ಯೋಚಿಸಿದರು.

ನೀರಿನ ಯೋಜನೆಯ ನಿರ್ವಹಣೆಯ ವಿಷಯವಾಗಿ ರಾಯರು ರಚಿಸಿದ ಪ್ರಬಂಧದ ಅತ್ಯಂತ ಹೃದಯಂಗಮವಾದ ಅಧ್ಯಾಯವು ಸುಟ್ಟುಹೋದ ಮೋಟಾರಿನ ರಿವೈಂಡಿಂಗ್ ಬಿಲ್ಲುಗಳನ್ನು ಕುರಿತದ್ದು. ಅದು ಬೆಟ್ಟದ ಮೇಲಣ ಒರತೆಯಿಂದ ಕೊಳವೆಯಲ್ಲಿ ತಾನೇ ಇಳಿದುಬರುವ ನೀರು, ಮೋಟಾರೇ ಇಲ್ಲ, ಎಂದು ಉತ್ತರ ಬಂದಾಗ, ಮೋಟಾರಿಲ್ಲದ ಪಂಚಾಯಿತಿಯಲ್ಲಿ ಸದಸ್ಯರು ಯಾವುದರ ಮೇಲೆ ಜಗಳವಾಡುತ್ತಾರೆಂಬ ಪ್ರಶ್ನೆ ಅವರನ್ನು ಎರಡು ದಿನ ಬಾಧಿಸಿತು. ಆದರೆ ನಿಜವಾದ ಆಘಾತ ಬಂದದ್ದು ಕರದ ದರವನ್ನು ಪರಿಷ್ಕರಿಸುವ ದಿನ.

“ಇದಕ್ಕೆ ಮೇಲಿನವರ ಅನುಮೋದನೆ ಪಡೆದಿದ್ದೀರಾ, ಮೇಡಂ?” ಎಂದರು ರಾಯರು.

“ಯಾವ ಮೇಲಿನವರು, ಸರ್?”

“ತಾಲ್ಲೂಕಿನವರು, ಅವರ ಮೇಲೆ ಜಿಲ್ಲೆಯವರು, ಅವರ ಮೇಲೆ ಸರಕಾರದ ಕಾರ್ಯದರ್ಶಿಗಳು…”

“ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿ 22 ಅಧಿಕಾರಗಳು ನಮ್ಮವೇ ಇವೆ, ಸರ್. ನಮ್ಮ ಸಭೆಯೇ ಕಾನೂನು ಮಾಡುತ್ತದೆ.”

“ತಪ್ಪಾದರೆ?”

“ತಿದ್ದುತ್ತೇವೆ. ತಿದ್ದದಿದ್ದರೆ ಮುಂದಿನ ಚುನಾವಣೆಯಲ್ಲಿ ಜನ ನಮ್ಮನ್ನು ಮನೆಗೆ ಕಳಿಸುತ್ತಾರೆ.”

ರಾಯರು ಮೌನವಾದರು. ಸುತ್ತೋಲೆ ಬರುವವರೆಗೆ ಕಾಯುವುದು, ಬಂದ ಸುತ್ತೋಲೆಗೆ ಸ್ಪಷ್ಟೀಕರಣ ಕೋರುವುದು, ಸ್ಪಷ್ಟೀಕರಣ ಬರುವಷ್ಟರಲ್ಲಿ ವರ್ಗವಾಗಿ ಹೋಗುವುದು, ಇವೇ ಆಡಳಿತವೆಂಬ ಕಲೆಯ ತ್ರಿಕರಣಗಳೆಂದು ಜೀವಮಾನವಿಡೀ ಸಾಧನೆ ಮಾಡಿದವರಿಗೆ, ಮೇಲೆ ನೋಡಿದರೆ ಬರಿಯ ಆಕಾಶವೂ ಹಿಮವೂ ಕಾಣುವ ಸರಕಾರವೊಂದು ಭೂಮಿಯ ಮೇಲಿರಬಹುದೆಂಬುದೇ ಒಪ್ಪಿತವಾಗಲಿಲ್ಲ. ಗಾಉಪಾಲಿಕೆಯ ಖಜಾನೆಗೆ ಕಾಠ್ಮಂಡುವಿನಿಂದ ಷರತ್ತುಬದ್ಧ ಅನುದಾನವೂ ಬರುತ್ತದೆಂದು ಆಕೆ ಮಾತಿನ ನಡುವೆ ಹೇಳಿದಾಗ ಮಾತ್ರ ಅವರ ಮುಖ ಅರಳಿತು. ಷರತ್ತು ಎಂದ ಮೇಲೆ ಅದನ್ನು ಹಾಕಿದವರೊಬ್ಬರು ಎಲ್ಲಿಯೋ ಮೇಲೆ ಇರಲೇಬೇಕಲ್ಲವೆ!

ಇಷ್ಟಾದರೂ ರಾಯರಿಂದ ಆ ಬೆಟ್ಟದ ಜನಕ್ಕೆ ಉಪಕಾರವಾಗಲಿಲ್ಲವೆಂದರೆ ಅನ್ಯಾಯವಾದೀತು. ಅವರು ವಿಧಿಪೂರ್ವಕವಾಗಿ ಬೋಧಿಸಿದುದೆಲ್ಲ ಗಾಳಿಗೆ ಹೋದರೂ, ಮಾತಿಗೆ ಮಾತು ಬಂದು ಬಾಯಿ ತಪ್ಪಿ ಹೇಳಿದುದೆಲ್ಲ ಅಲ್ಲಿ ಬೇರೂರಿತು. ಬಿಲ್ ಕಲೆಕ್ಟರನು ಕರ ಕೊಟ್ಟವನ ರಸೀದಿಯಲ್ಲಿ ಒಂದು ಮೊತ್ತವನ್ನೂ, ಕಾರ್ಬನ್ ಹಾಳೆಯನ್ನು ಮೆಲ್ಲನೆ ಸರಿಸಿ ಕಚೇರಿಯ ಪ್ರತಿಯಲ್ಲಿ ಬೇರೊಂದು ಮೊತ್ತವನ್ನೂ ಬರೆಯುವ ಬಗೆ. ವಸೂಲಾದ ಹಣ ಬ್ಯಾಂಕನ್ನು ಸೇರುವ ಮುನ್ನ ಯಾವ ಯಾವ ಜೇಬುಗಳಲ್ಲಿ ವಿಶ್ರಮಿಸಬಹುದು. ಬೇಡಿಕೆ, ವಸೂಲಿ, ಬಾಕಿಯ ತಖ್ತೆಯಲ್ಲಿ ಹಿಂದಿನ ವರ್ಷದ ಬಾಕಿಯು ಈ ವರ್ಷದ ಆರಂಭ ಶಿಲ್ಕಿಗೆ ತಾಳೆಯಾಗದಿದ್ದಲ್ಲಿ ಯಾವ ಗುಮಾಸ್ತನನ್ನು ಮೊದಲು ಕರೆಸಬೇಕು. ಇವನ್ನೆಲ್ಲ ಅವರು ತಾವು ಕಂಡ ನಡತೆಗೇಡಿಗಳ ಕಥೆಗಳಾಗಿ, ಬಹು ರಸವತ್ತಾಗಿ, ವರ್ಣಿಸುತ್ತಿದ್ದರು. ಉಪಾಧ್ಯಕ್ಷೆ ಎಲ್ಲವನ್ನೂ ಬರೆದುಕೊಂಡು, ರಸೀದಿ ಪುಸ್ತಕಗಳನ್ನು ತರಿಸಿ ಎರಡೂ ಪ್ರತಿಗಳನ್ನು ಎದುರುಬದುರು ಇಟ್ಟು ನೋಡುವ ಪದ್ಧತಿಯನ್ನು ಜಾರಿಗೆ ತಂದರಂತೆ. ಅಲ್ಲಿಯವರು ‘ಬೇರುಜು’ ಎಂದು ಕರೆಯುವ ಲೆಕ್ಕಪರಿಶೋಧನೆಯ ಆಕ್ಷೇಪಣೆಗಳಿಗೆ ಉತ್ತರ ಬರೆಯುವುದರಲ್ಲಿಯಂತೂ ರಾಯರನ್ನು ಮೀರಿಸುವವರು ಹಿಮಾಲಯದ ಈ ಕಡೆಯಲ್ಲಿ ಇರಲಾರರು. ನಮ್ಮ ಪಂಚಾಯಿತಿಗಳ ನಿಜವಾದ ಪಾಂಡಿತ್ಯವಿರುವುದು ಕಾಯಿದೆಯ ಪುಸ್ತಕದಲ್ಲಲ್ಲ, ಅದು ಎಲ್ಲೆಲ್ಲಿ ಸೋರುತ್ತದೆಂದು ಬಲ್ಲ ಇಂಥವರ ನೆನಪಿನಲ್ಲಿ ಎಂಬುದು ನನ್ನ ಅಭಿಪ್ರಾಯ. ರಾಯರ ಮುಂದೆ ಇದನ್ನು ಹೇಳಿದರೆ ಅವರಿಗದು ಪ್ರಶಂಸೆಯಾಗಿ ಕೇಳಿಸದು.

ಏಕೆಂದರೆ ಅವರ ಚಿತ್ತದಲ್ಲಿದ್ದ ಕೊರತೆಯೇ ಬೇರೆ. ಇಷ್ಟೆಲ್ಲ ಕಾರ್ಯ ನಡೆದರೂ ಅದನ್ನು ವರದಿ ಮಾಡಿಕೊಳ್ಳಲು ತಮಗೊಬ್ಬ ಮೇಲಧಿಕಾರಿಯಿಲ್ಲವಲ್ಲ ಎಂದು ಕೊರಗುತ್ತಿದ್ದ ರಾಯರು, ಸ್ವಯಂಸೇವಕ ವಿಭಾಗದ ಕೇಂದ್ರ ಕಚೇರಿಯು ಜರ್ಮನಿಯ ಬಾನ್ ನಗರದಲ್ಲಿ ರೈನ್ ನದಿಯ ತೀರದಲ್ಲಿದೆಯೆಂಬುದನ್ನು ಒಂದು ದಿನ ಮೊಮ್ಮಗಳ ಮೂಲಕ ಪತ್ತೆಹಚ್ಚಿದರು. ಮರುದಿನವೇ ‘ವಿಷಯ’, ‘ಉಲ್ಲೇಖ’, ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಎಂಬ ಸಕಲ ಲಕ್ಷಣಗಳಿಂದ ಕೂಡಿದ ಅನುಪಾಲನಾ ವರದಿಯೊಂದು, ಅನುಬಂಧಗಳ ಸಮೇತ, ಯಾರೂ ಕೇಳದೆಯೇ ಬಾನಿಗೆ ಹೊರಟಿತು. ಅರ್ಧ ನಿಮಿಷ ಕಳೆಯುವುದರೊಳಗೆ ಉತ್ತರ ಬಂದಿತು: ತಮ್ಮ ಪತ್ರ ತಲುಪಿದೆ, ವಂದನೆಗಳು, ಇದು ಯಂತ್ರವು ತಾನಾಗಿ ಕಳುಹಿಸಿದ ಸಂದೇಶ, ದಯವಿಟ್ಟು ಇದಕ್ಕೆ ಉತ್ತರಿಸಬೇಡಿ. ಸೇವಾವಧಿಯಲ್ಲಿ ಮೇಲಿನಿಂದ ಒಂದು ಉತ್ತರ ಬರಬೇಕಾದರೆ ಮೂರು ಜ್ಞಾಪನಗಳನ್ನು ಕಳುಹಿಸುತ್ತಿದ್ದ ರಾಯರು ಪುಳಕಿತರಾದರು. ಯಂತ್ರದ ವಿಚಾರವನ್ನು ಮೊಮ್ಮಗಳು ವಿವರಿಸಲು ಹೊರಟಳು, “ಉತ್ತರಿಸಬೇಡ ಎಂದು ಅಪ್ಪಣೆ ಕೊಡಬಲ್ಲವರು ಮೇಲಿನವರಲ್ಲದೆ ಇನ್ನಾರಮ್ಮ?” ಎಂದು ಆಕೆಯನ್ನು ಸುಮ್ಮನಾಗಿಸಿ, ಪತ್ರವನ್ನು ಮುದ್ರಿಸಿ, ಆವಕ ವಹಿಯಲ್ಲಿ ನಮೂದಿಸಿ, ‘ಮೇಲಿನವರ ಆದೇಶಾನುಸಾರ ಉತ್ತರಿಸಿಲ್ಲ; ಕಡತ ಮುಕ್ತಾಯ’ ಎಂದು ಹಸಿರು ಶಾಯಿಯಲ್ಲಿ ಬರೆದು, ದಿನಾಂಕದೊಡನೆ ಸಹಿ ಮಾಡಿದರು.