ಅಮ್ಮ ಜೊತೆಗಿರುವಾಗ ಆರ್‌ವಿ ಬಳಸುವ ಕ್ರಮ

ಮೊದಲು ಇದನ್ನು ಓದಿ

ತಾವು ಬಾಡಿಗೆಗೆ ತಂದಿರುವ ಈ ವಾಹನಕ್ಕೆ ಅಮೆರಿಕದಲ್ಲಿ ಆರ್‌ವಿ ಎನ್ನುತ್ತಾರೆ. 25 ಅಡಿ ಉದ್ದ, ಹೆಚ್ಚುಕಮ್ಮಿ 12 ಅಡಿ ಎತ್ತರ. ಒಳಗೆ ಒಲೆ, ಫ್ರಿಜ್, ಬಚ್ಚಲು, ಹಿಂದುಗಡೆ ಮಂಚ, ಚಾಲಕನ ನೆತ್ತಿಯ ಮೇಲೊಂದು ಅಟ್ಟ. ಕೀಲಿಕೈ ಜೊತೆ ಕೊಟ್ಟ ಇಂಗ್ಲಿಷ್ ಪುಸ್ತಕದಲ್ಲಿ ಪ್ರತಿಯೊಂದು ಗುಂಡಿಯ ವಿವರವೂ ಇದೆ. ಆದರೆ ಬರೆದ ಪುಣ್ಯಾತ್ಮನ ಮನಸ್ಸಿನಲ್ಲಿದ್ದದ್ದು ಗಂಡ, ಹೆಂಡತಿ, ಒಂದು ನಾಯಿ ಅಷ್ಟೇ. ಸ್ಯಾನ್ ಹೋಸೆಯಿಂದ ಯೆಲ್ಲೋಸ್ಟೋನಿಗೆ ಸುಮಾರು 1,500 ಕಿಲೋಮೀಟರ್ ದಾರಿ. ಮೈಸೂರಿನಿಂದ ಆರು ತಿಂಗಳ ಮಟ್ಟಿಗೆ ಬಂದ ಅಪ್ಪ ಅಮ್ಮ, ಎರಡು ಮಕ್ಕಳು, ಐದು ಲೀಟರಿನ ಕುಕ್ಕರು ಇಷ್ಟನ್ನೂ ಹೇರಿಕೊಂಡು ಹೊರಟವರ ಸಮಸ್ಯೆಗಳಿಗೆ ಆ ಪುಸ್ತಕದಲ್ಲಿ ಉತ್ತರ ಸಿಗುವುದಿಲ್ಲ. ಆದ್ದರಿಂದ ಈ ಕೈಪಿಡಿ.

ಇದರಲ್ಲಿ 'ಚಾಲಕ' ಎಂದರೆ ಮಗ. 'ಸಹಚಾಲಕಿ' ಎಂದರೆ ಸೊಸೆ. ದಾರಿ, ಮಕ್ಕಳು, ಗಂಡನ ಸಿಟ್ಟು ಮೂರೂ ಅವರ ಸುಪರ್ದಿ. 'ಮೇಲ್ವಿಚಾರಕರು' ಎಂದರೆ ಅಪ್ಪ. ಅಮ್ಮನಿಗೆ ಸದ್ಯಕ್ಕೆ ಯಾವ ಹುದ್ದೆಯನ್ನೂ ಕೊಟ್ಟಿಲ್ಲ.

ಹೊರಡುವ ಮುನ್ನ

ಚಕ್ರಗಳ ಕೆಳಗೆ ನಿಂಬೆಹಣ್ಣು ಇಡಿ. ಈ ಗಾಡಿಗೆ ಹಿಂದುಗಡೆ ಜೋಡಿ ಚಕ್ರ, ಒಟ್ಟು ಆರು. ಜೋಡಿಗೆ ಒಂದರಂತೆ ನಾಲ್ಕು ಸಾಕೆಂದು ಮೇಲ್ವಿಚಾರಕರು, ಆರೂ ಬೇಕೆಂದು ಅಮ್ಮ. ವಾದಕ್ಕೆ ಇಳಿಯದೆ ಆರು ಇಡಿ. ಮಿಕ್ಕ ನಿಂಬೆಹಣ್ಣನ್ನು ಮನೆಯಲ್ಲಿ ಬಿಟ್ಟು ಬರಬೇಡಿ, ನೆವಾಡದಲ್ಲಿ ಬೇಕಾಗುತ್ತದೆ.

ಭಾರದ ಸಾಮಾನು ಕೆಳಗಿನ ಕಪಾಟಿನಲ್ಲಿರಲಿ: ಅಕ್ಕಿ, ಬೇಳೆ, ಕುಕ್ಕರು, ದೋಸೆಕಲ್ಲು. ಮೇಲಿನ ಕಪಾಟುಗಳಿಗೆ ಕಡ್ಲೆಪುರಿ, ಹಪ್ಪಳ, ಅವಲಕ್ಕಿ. ಕಪಾಟಿನ ಚಿಲಕಗಳನ್ನೆಲ್ಲ ಒತ್ತಿ ನೋಡಿ. ಒಂದು ಚಿಲಕ ಬೀಳದಿದ್ದರೂ ಮೊದಲ ತಿರುವಿನಲ್ಲೇ ಒಳಗಿನದು ಹೊರಗೆ ಬಂದು ಯಾರದಾದರೂ ಮಡಿಲಲ್ಲಿ ಕೂರುತ್ತದೆ. ಸ್ಟೀಲ್ ಪಾತ್ರೆಗಳನ್ನು ಹಳೇ ಪಂಚೆಯ ತುಂಡಿನಲ್ಲಿ ಒಂದೊಂದಾಗಿ ಸುತ್ತಿಡಿ. ಸುತ್ತದಿದ್ದರೆ 1,500 ಕಿಲೋಮೀಟರೂ ಜಾಗಟೆ.

ಮೈಸೂರಿನಿಂದ ತಂದ ಮಿಕ್ಸಿಯನ್ನು ಮನೆಯಲ್ಲೇ ಬಿಡಿ. ಅದು 230 ವೋಲ್ಟಿನ ಕರೆಂಟಿಗೆ ಹುಟ್ಟಿದ್ದು, ಇಲ್ಲಿ ಇರುವುದು 120.

ಡಾನರ್ ಕಣಿವೆಯ ಹತ್ತಿರ ರಸ್ತೆ 2,200 ಮೀಟರ್ ಎತ್ತರಕ್ಕೆ ಏರುತ್ತದೆ. ಕಡಲ ಮಟ್ಟದಲ್ಲಿ ಅಂಟಿಸಿದ ಚಕ್ಕುಲಿ ಪೊಟ್ಟಣಗಳು ಅಲ್ಲಿ ಬಿಗಿಯಾಗಿ ಉಬ್ಬಿ ನಿಲ್ಲುತ್ತವೆ. ಹೊರಗೆ ಗಾಳಿಯ ಒತ್ತಡ ಕಡಿಮೆ, ಒಳಗಿನ ಗಾಳಿ ಹಳೆಯದೇ. ಮಕ್ಕಳನ್ನು ಅವುಗಳ ಮೇಲೆ ಕೂರಲು ಬಿಡಬೇಡಿ. ಉಪ್ಪಿನಕಾಯಿ ಬಾಟಲಿಯ ಮುಚ್ಚಳವನ್ನು ತುಸು ಸಡಿಲಿಸಿ ಗಾಳಿ ಬಿಟ್ಟು ಮತ್ತೆ ಬಿಗಿ ಮಾಡಿ. ಸೊಸೆ ಬಿಳಿ ಬಟ್ಟೆ ಹಾಕಿಕೊಂಡಿರುವ ದಿನ ಈ ಕೆಲಸ ಅವರಿಗೆ ಹೇಳಬೇಡಿ.

ನೀರು

ಈ ಗಾಡಿಯಲ್ಲಿ ಸುಖ ಎನ್ನುವುದೆಲ್ಲ ನೀರಿನ ಲೆಕ್ಕದ ಮೇಲೆ ನಿಂತಿದೆ, ಆದ್ದರಿಂದ ಈ ಭಾಗ ಉದ್ದ.

ಇಂಥ ಗಾಡಿಯ ಶುದ್ಧ ನೀರಿನ ಟ್ಯಾಂಕು ಸಾಮಾನ್ಯವಾಗಿ 150 ಲೀಟರ್ ಆಸುಪಾಸು. ಬಿಸಿನೀರಿನ ಬಾಯ್ಲರು 23 ಲೀಟರ್. ಚಾಲಕ ಅಮೆರಿಕಕ್ಕೆ ಬಂದಾಗಿನಿಂದ ನಲ್ಲಿ ತಿರುಗಿಸಿ ಗೊತ್ತೇ ಹೊರತು ನೀರು ಎಲ್ಲಿಂದ ಬರುತ್ತದೆಂದು ಕೇಳಿದವನಲ್ಲ. ಮೊದಲ ದಿನ ಬೆಳಿಗ್ಗೆ ಷವರ್ ಬಿಟ್ಟುಕೊಂಡು, ತಲೆಗೆ ಶಾಂಪೂ ಹಚ್ಚಿ, ನಾಳಿನ ದಾರಿ ಯೋಚಿಸುತ್ತ ನಿಲ್ಲುತ್ತಾನೆ. ನೊರೆ ಹೋಗುವ ಮೊದಲೇ ಬಿಸಿನೀರು ಮುಗಿದಿರುತ್ತದೆ. ಹೊರಗೆ ಇನ್ನೂ ಐದು ಜನ ಕಾದಿದ್ದಾರೆ.

ಈ ಹಂತದಲ್ಲಿ ಅಧಿಕಾರವನ್ನು ಅಮ್ಮನಿಗೆ ವಹಿಸಿಕೊಡಿ. ದಿನ ಬಿಟ್ಟು ದಿನ ನೀರು ಬಿಡುವ ಬಡಾವಣೆಯಲ್ಲಿ ಸಂಸಾರ ಮಾಡಿದವರು ಅವರು. ಮೂರು ಗಂಟೆಗೆ ನಲ್ಲಿ ಗೊರಗೊರ ಎಂದರೆ ಎದ್ದು, ಹಂಡೆ, ಕೊಳದಪ್ಪಲೆ, ಡ್ರಮ್ಮು ತುಂಬಿಸಿ, ಮೇಲೆ ತಟ್ಟೆ ಮುಚ್ಚಿ ಮಲಗಿದವರು. ಅವರು ಷವರಿನ ತಲೆಯನ್ನು ಮೊಳೆಗೆ ತಗುಲಿಹಾಕಿ, ಬಚ್ಚಲಲ್ಲಿ ಪುಟ್ಟ ಬಕೆಟ್ಟು, ಚೊಂಬು ಇಡುತ್ತಾರೆ. ಬಾಯ್ಲರಿನ ಸುಡುನೀರಿಗೆ ತಣ್ಣೀರು ಬೆರೆಸಿದರೆ ಒಬ್ಬರ ಷವರಿನ ನೀರಿನಲ್ಲಿ ಮೂವರ ಸ್ನಾನ ಮುಗಿಯುತ್ತದೆ. ಮೊಮ್ಮಗಳು ಚೊಂಬನ್ನು ಆಟದ ಸಾಮಾನೆಂದು ತಿಳಿದರೆ ತಿದ್ದಬೇಡಿ. ನೀರು ಬರುತ್ತಿಲ್ಲ ಎಂದು ಅಳುವುದಕ್ಕಿಂತ ಅದು ಒಳ್ಳೆಯದು.

ಮನೆಯಲ್ಲಿ ಬಳಸಿದ ನೀರು ಮೋರಿಗೆ ಹೋಗುತ್ತದೆ. ಇಲ್ಲಿ ಎಲ್ಲಿಗೂ ಹೋಗುವುದಿಲ್ಲ, ನಿಮ್ಮ ಪಾದದ ಕೆಳಗಿನ ಇನ್ನೊಂದು ಟ್ಯಾಂಕಿನಲ್ಲಿ ಕುಳಿತು ಜೊತೆಗೇ ಯೆಲ್ಲೋಸ್ಟೋನಿಗೆ ಬರುತ್ತದೆ. ಅದಕ್ಕೆ ಗ್ರೇ ಟ್ಯಾಂಕ್ ಎಂದು ಹೆಸರು. ಅದು ತುಂಬಿದರೆ ಬಚ್ಚಲ ತೂಬಿನಿಂದ ಸಾರಿನ ಪಾತ್ರೆ ತೊಳೆದ ನೀರು ಮೇಲೆ ಬರುತ್ತದೆ. ಅಕ್ಕಿ ತೊಳೆದ ನೀರನ್ನು ಗಿಡದ ಬುಡಕ್ಕೆ ಹಾಕುತ್ತೇನೆಂದು ಅಮ್ಮ ಹೊರಟರೆ ಬಾಗಿಲಲ್ಲೇ ತಡೆಯಿರಿ. ಯೆಲ್ಲೋಸ್ಟೋನಿನಲ್ಲಿ ಪಾತ್ರೆ ತೊಳೆದ ನೀರನ್ನು ನೆಲಕ್ಕೆ ಚೆಲ್ಲುವಂತಿಲ್ಲ, ಕರಡಿ ವಾಸನೆ ಹಿಡಿದು ಬರುತ್ತದೆ.

ಮೂರನೆಯದು ಬ್ಲ್ಯಾಕ್ ಟ್ಯಾಂಕ್. ಅದರಲ್ಲಿ ಏನಿರುತ್ತದೆಂದು ಕೈಪಿಡಿ ಹೇಳುವುದಿಲ್ಲ. ಬೇಗ ಕರಗುವ ವಿಶೇಷ ಕಾಗದವನ್ನೇ ಬಳಸಿ, ನೀರು ಧಾರಾಳವಾಗಿ ಬಿಡಿ, ಇಲ್ಲದಿದ್ದರೆ ಎಲ್ಲ ಗಟ್ಟಿಯಾಗಿ ಕೂರುತ್ತದೆ ಎಂದು ಇಂಗ್ಲಿಷ್ ಪುಸ್ತಕ ಎರಡು ಪುಟ ಎಚ್ಚರಿಸುತ್ತದೆ. ಚೊಂಬಿನ ಸಂಪ್ರದಾಯದವರು ಆ ಎರಡು ಪುಟಗಳನ್ನು ಬಿಟ್ಟು ಓದಬಹುದು. ಅಮೆರಿಕದ ಎಂಜಿನಿಯರಿಂಗು ನಮ್ಮ ಕಡೆ ನಿಂತದ್ದನ್ನು ನಾನು ಕಂಡಿರುವುದು ಈ ಒಂದೇ ವಿಷಯದಲ್ಲಿ.

ಟ್ಯಾಂಕು ಎಷ್ಟು ತುಂಬಿದೆಯೆಂದು ಒಲೆಯ ಮೇಲಿನ ಫಲಕದಲ್ಲಿ ದೀಪಗಳು ತೋರಿಸುತ್ತವೆ. ಬ್ಲ್ಯಾಕ್ ಟ್ಯಾಂಕಿನ ದೀಪವನ್ನು ನಂಬಬೇಡಿ. ಒಳಗಿನ ಸೆನ್ಸರಿಗೆ ಏನಾದರೂ ಅಂಟಿಕೊಂಡರೆ ಖಾಲಿ ಮಾಡಿದ ಮೇಲೂ ಅದು ಮುಕ್ಕಾಲು ಎನ್ನುತ್ತದೆ. ಗ್ಯಾಸ್ ಸಿಲಿಂಡರನ್ನು ತುಸು ಓರೆ ಮಾಡಿ ಅಲ್ಲಾಡಿಸಿ 'ಇನ್ನು ನಾಲ್ಕು ದಿನ ಬರತ್ತೆ, ಬುಕ್ ಮಾಡಿಬಿಡಿ' ಎಂದು ಹೇಳಿ, ಹೇಳಿದ ದಿನಕ್ಕೇ ಒಲೆ ಆರಿಸಿ ತೋರಿಸಿದವರು ಮನೆಯಲ್ಲಿದ್ದಾರೆ. ಅವರನ್ನು ಕೇಳಿ. ಎರಡನೇ ದಿನದ ಹೊತ್ತಿಗೆ ಅಮ್ಮ ಯಾರು ಎಷ್ಟು ಸಲ ಹೋದರೆಂಬ ಲೆಕ್ಕ ಇಟ್ಟಿರುತ್ತಾರೆ. ಹೆಸರು ಹಿಡಿದು ಹೇಳಿಯೂ ಬಿಡುತ್ತಾರೆ.

ಖಾಲಿ ಮಾಡುವ ಕ್ರಮ: ಕೊಳೆನೀರು ಸುರಿಯುವ ಡಂಪ್ ಸ್ಟೇಷನ್ನಿನಲ್ಲಿ ಕೈಗವಸು ತೊಟ್ಟು, ದಪ್ಪ ಕೊಳವೆಯನ್ನು ಎರಡೂ ಕಡೆ ಭದ್ರವಾಗಿ ಕೂರಿಸಿ. ಮೊದಲು ಬ್ಲ್ಯಾಕ್, ಆಮೇಲೆ ಗ್ರೇ. ಸೋಪಿನ ನೀರು ಹಿಂದಿನಿಂದ ಬಂದು ಕೊಳವೆ ತೊಳೆಯಲಿ ಎಂಬುದು ಉದ್ದೇಶ. ಕ್ಯಾಂಪಿನಲ್ಲಿ ಕೊಳವೆ ಜೋಡಿಸಿದ್ದೀವಲ್ಲ ಎಂದು ಬ್ಲ್ಯಾಕ್ ಟ್ಯಾಂಕಿನ ಬಾಯಿಯನ್ನು ತೆರೆದೇ ಇಡಬಾರದು. ನೀರು ಹರಿದು ಹೋಗಿ ಗಟ್ಟಿ ಪದಾರ್ಥ ಮಾತ್ರ ಉಳಿಯುತ್ತದೆ. ಮೇಲ್ವಿಚಾರಕರು ಗಾಳಿ ಬೀಸುವ ದಿಕ್ಕು ನೋಡಿಕೊಂಡು ಹತ್ತು ಮಾರು ದೂರದಿಂದ ಸಲಹೆ ಕೊಡುತ್ತಾರೆ.

ಇಲ್ಲಿ ವಿನ್ಯಾಸದ ದೋಷವೊಂದಿದೆ. ಡಂಪ್ ಮಾಡಿ ಬಂದವನು ಸ್ನಾನವಾಗುವ ತನಕ ಅಡುಗೆಮನೆ ದಾಟುವಂತಿಲ್ಲ ಎಂಬುದು ಅಮ್ಮನ ಆಜ್ಞೆ. ಬಚ್ಚಲಿರುವುದು ಅಡುಗೆಮನೆಯ ಆಚೆ. ಹೇಗೋ ದಾಟಿಸಿದರೂ ಆ ಸ್ನಾನದ ನೀರು ಈಗಷ್ಟೇ ಖಾಲಿ ಮಾಡಿದ ಟ್ಯಾಂಕಿಗೇ ಬೀಳುತ್ತದೆ. ಹೊರಗಡೆ ಸ್ನಾನಗೃಹ ಇರುವ ಕ್ಯಾಂಪಿನಲ್ಲಿ ಡಂಪ್ ಮಾಡುವುದೊಂದೇ ಪರಿಹಾರ. ಟವೆಲ್ಲನ್ನು ಕಿಟಕಿಯಿಂದ ಕೊಡಬಹುದು.

ಮಟ್ಟ

ಗಾಡಿ ನಿಲ್ಲಿಸಿದ ಕೂಡಲೇ ಅದು ಸಮತಟ್ಟಾಗಿದೆಯೇ ನೋಡಿ. ಗ್ಯಾಸಿನಿಂದ ಓಡುವ ಫ್ರಿಜ್ಜಿನೊಳಗೆ ಅಮೋನಿಯಾ ದ್ರವ ಕೊಳವೆಗಳಲ್ಲಿ ತನ್ನ ಪಾಡಿಗೆ ತಾನು ಇಳಿದು ಹತ್ತಿ ತಂಪು ಮಾಡುತ್ತದೆ. ಗಾಡಿ ಬಹಳ ವಾಲಿದರೆ ಅದು ಒಂದೆಡೆ ನಿಂತುಬಿಡುತ್ತದೆ, ಮೊಸರು ಹುಳಿಯಾಗುತ್ತದೆ. ತಗ್ಗಿನಲ್ಲಿರುವ ಚಕ್ರದ ಕೆಳಗೆ ಪ್ಲಾಸ್ಟಿಕ್ ಹಲಗೆಗಳನ್ನು ಪೇರಿಸಿ ಅದರ ಮೇಲೆ ಹತ್ತಿಸಿ. ಮಟ್ಟ ನೋಡಲು ಗಾಜಿನ ಗುಳ್ಳೆಯ ಉಪಕರಣವನ್ನು ಕಂಪನಿಯವರು ಕೊಟ್ಟಿರುತ್ತಾರೆ. ಅದಕ್ಕಿಂತ ನಿಖರವಾದದ್ದು ದೋಸೆಕಲ್ಲು. ಕಾದ ಕಲ್ಲಿನ ನಡುವೆ ಅರ್ಧ ಚಮಚ ಎಣ್ಣೆ ಬಿಡಿ. ಎಣ್ಣೆ ಸರಿದ ಕಡೆ ಗಾಡಿ ತಗ್ಗು. ಹುಯ್ದ ದೋಸೆ ಒಂದು ಕಡೆ ಕಾಗದದಂತೆ ತೆಳ್ಳಗೆ, ಇನ್ನೊಂದು ಕಡೆ ಸೆಟ್ ದೋಸೆಯಂತೆ ದಪ್ಪಗೆ ಬಂದರೆ ಒಂದು ಹಲಗೆ ಸಾಲದು, ಎರಡು ಬೇಕು.

ಹಿಟ್ಟು ಹುದುಗಿಸುವುದು ಇನ್ನೊಂದು ಅಧ್ಯಾಯ. ಯೆಲ್ಲೋಸ್ಟೋನಿನಲ್ಲಿ ಜುಲೈ ರಾತ್ರಿಯೂ ನಡುಗಿಸುವಷ್ಟು ತಣ್ಣಗಿರುತ್ತದೆ, ಹಿಟ್ಟು ಅಲ್ಲಾಡುವುದಿಲ್ಲ. ಹಗಲು ಬಿಸಿಲಿನಲ್ಲಿ ಗಾಡಿ ಓಡುವಾಗ ಮಾತ್ರ ಕುಲುಕಿ ಕುಲುಕಿ ಉಕ್ಕಿ ಬರುತ್ತದೆ. ಪಾತ್ರೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹಾಕಬೇಡಿ.

ಒಗ್ಗರಣೆ

ಗಾಡಿಯಲ್ಲಿ ಮೂರು ಬಗೆಯ ಎಚ್ಚರಿಕೆ ಗಂಟೆಗಳಿವೆ. ಹೊಗೆಯದು ಚಾವಣಿಯಲ್ಲಿದೆ. ಅಡುಗೆ ಅನಿಲದ್ದು ನೆಲದ ಹತ್ತಿರ, ಏಕೆಂದರೆ ಪ್ರೊಪೇನ್ ಗಾಳಿಗಿಂತ ಭಾರ, ಸೋರಿದರೆ ಕೆಳಗೆ ಇಳಿಯುತ್ತದೆ. ಮೂರನೆಯದು ಕಾರ್ಬನ್ ಮಾನಾಕ್ಸೈಡಿನದು. ಸಾಸಿವೆ ಸಿಡಿದು ಒಣಮೆಣಸಿನಕಾಯಿ ಕಪ್ಪಾದ ಕ್ಷಣದಲ್ಲಿ ಚಾವಣಿಯದು ಕೂಗುತ್ತದೆ. ಸಿಟ್ಟಿಗೆದ್ದು ಅದರ ಬ್ಯಾಟರಿ ಕೀಳಬೇಡಿ. ಮೇಲಿನ ಕಿಂಡಿಯ ಫ್ಯಾನ್ ಹಾಕಿ, ಕಿಟಕಿ ತೆರೆದು, ಆಮೇಲೆ ಎಣ್ಣೆ ಕಾಯಿಸಿ. ನೆಲದ ಹತ್ತಿರದ್ದು ಕೂಗಿದರೆ ಮಾತ್ರ ಒಗ್ಗರಣೆಯ ಮೇಲೆ ತಪ್ಪು ಹೊರಿಸಬೇಡಿ. ಒಲೆ ಆರಿಸಿ, ಸಿಲಿಂಡರ್ ಮುಚ್ಚಿ, ಎಲ್ಲರೂ ಹೊರಗೆ ನಡೆಯಿರಿ. ಇದು ತಮಾಷೆಯ ವಾಕ್ಯವಲ್ಲ.

ಯೆಲ್ಲೋಸ್ಟೋನಿನ ಸುಮಾರು 2,300 ಮೀಟರ್ ಎತ್ತರದಲ್ಲಿ ನೀರು ಸುಮಾರು 92 ಡಿಗ್ರಿಗೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಬೇಯಲು ಇಟ್ಟರೆ ಸಂಜೆಯಾಗುತ್ತದೆ. ಕುಕ್ಕರು ತಂದದ್ದಕ್ಕೆ ದಾರಿಯುದ್ದಕ್ಕೂ ಗೊಣಗಿದ ಚಾಲಕ ಇಲ್ಲಿ ಬಾಯಿ ಮುಚ್ಚಿಕೊಳ್ಳುವುದು. ಸೀಟಿ ಹೊಡೆದಾಗ ಪಕ್ಕದ ಗಾಡಿಯವರು ಇಣುಕಿದರೆ ಕೈಬೀಸಿ.

ಚಲನೆ

ಗಾಡಿ ಓಡುವಾಗ ಎಲ್ಲರೂ ಬೆಲ್ಟ್ ಹಾಕಿ ಕೂತಿರಬೇಕು. ಒಲೆ ಹಚ್ಚುವಂತಿಲ್ಲ. 'ಒಂದು ಲೋಟ ಕಾಫಿ ತಾನೇ, ಎರಡು ನಿಮಿಷ' ಎಂದು ಎದ್ದವರನ್ನು ಕೂರಿಸುವ ಹೊಣೆ ಸೊಸೆಗೆ ಬೇಡ, ಮೊಮ್ಮಕ್ಕಳಿಗೆ ವಹಿಸಿ. ನೆವಾಡದ ಬಯಲಿನಲ್ಲಿ ಅಡ್ಡಗಾಳಿಗೆ ಗಾಡಿ ತೂಗುತ್ತದೆ. ಹೊಟ್ಟೆ ತೊಳಸುವವರನ್ನು ಮುಂದೆ ಕೂರಿಸಿ, ಕೈಗೆ ಆ ನಿಂಬೆಹಣ್ಣು ಕೊಡಿ.

ಹಿಂದಕ್ಕೆ ತೆಗೆಯುವಾಗ ಒಬ್ಬರು ಇಳಿದು ದಾರಿ ತೋರಿಸಬೇಕು. ಮೇಲ್ವಿಚಾರಕರು ಗಾಡಿಯ ಬೆನ್ನಿಗೇ ನಿಂತು 'ಬರ್ಲಿ, ಬರ್ಲಿ, ಬರ್ಲಿ' ಎನ್ನುತ್ತಾರೆ. ಅಲ್ಲಿ ನಿಂತವರು ಯಾವ ಕನ್ನಡಿಯಲ್ಲೂ ಕಾಣುವುದಿಲ್ಲ. ಅವರನ್ನು ಚಾಲಕನ ಬದಿಯ ಕನ್ನಡಿಗೆ ಕಾಣುವ ಹಾಗೆ ನಿಲ್ಲಿಸಿ. ಕ್ಯಾಂಪಿನ ಬೆಂಚಿನಿಂದ ಮಾತ್ರ ಗಾಡಿಯನ್ನು ದೂರ ಇಡಿ, ಏಕೆಂದರೆ ಅವರು 'ಹೋಲ್ಡಾನ್' ಎನ್ನುವುದು ತಾಗಿದ ಮೇಲೆ.

ನಿದ್ರೆ

ಹಿಂದಿನ ಮಂಚ ಹಿರಿಯರಿಗೆ, ಅಟ್ಟ ಮಕ್ಕಳಿಗೆ. ಊಟದ ಮೇಜನ್ನು ತಗ್ಗಿಸಿ ಮೆತ್ತೆ ಹಾಸಿದರೆ ಚಾಲಕ ದಂಪತಿಗೆ ಹಾಸಿಗೆ. ಅಂದರೆ ಮೇಲ್ವಿಚಾರಕರು ಊಟ ಮುಗಿಸಿ, ಮಜ್ಜಿಗೆ ಕುಡಿದು, 1983ರ ವಿಶ್ವಕಪ್ ಗೆದ್ದ ಕತೆ ಹೇಳಿ ಏಳುವ ತನಕ ನಿಮಗೆ ಮಲಗಲು ಜಾಗವಿಲ್ಲ. ನಾಲ್ಕೂವರೆಗೆ ಅಮ್ಮ ಡಿಕಾಕ್ಷನ್ ಹಾಕಲು ಎದ್ದಾಗ ನಿಮ್ಮ ತಲೆ ಒಲೆಯಿಂದ ಮೂರು ಅಡಿ ದೂರದಲ್ಲಿರುತ್ತದೆ. ಯೆಲ್ಲೋಸ್ಟೋನಿನ ಕ್ಯಾಂಪುಗಳಲ್ಲಿ ರಾತ್ರಿ 8ರಿಂದ ಬೆಳಿಗ್ಗೆ 8ರವರೆಗೆ ಜನರೇಟರ್ ಹಾಕುವಂತಿಲ್ಲ. ಗೊರಕೆಗೆ ಅಂಥ ನಿಯಮ ಮಾಡಿಲ್ಲ.

ನೋಡುವ ಜಾಗಗಳು

ಕಾಡೆಮ್ಮೆಯಂಥ ಬೈಸನ್‌ಗಳಿಂದ 25 ಗಜ, ಕರಡಿಯಿಂದ 100 ಗಜ ದೂರ ಇರಬೇಕು. ಫಿಶಿಂಗ್ ಬ್ರಿಜ್ ಕ್ಯಾಂಪಿನಲ್ಲಿ ಕರಡಿಗಳ ದೆಸೆಯಿಂದ ಬಟ್ಟೆ ಡೇರೆಗೆ ಅವಕಾಶವೇ ಇಲ್ಲ, ಗಟ್ಟಿ ಗೋಡೆಯ ಗಾಡಿಯೇ ಆಗಬೇಕು. ಚಿತ್ರಾನ್ನದ ಡಬ್ಬಿಯನ್ನು ಹೊರಗಿನ ಮೇಜಿನ ಮೇಲೆ ಮರೆತು ಒಳಗೆ ಬರಬೇಡಿ.

ಓಲ್ಡ್ ಫೇತ್‌ಫುಲ್ ಬಿಸಿನೀರಿನ ಬುಗ್ಗೆ ಸರಾಸರಿ ಒಂದೂವರೆ ಗಂಟೆಗೊಮ್ಮೆ ಚಿಮ್ಮುತ್ತದೆ. ಮುಂದಿನ ಸಮಯವನ್ನು ಬೋರ್ಡಿನಲ್ಲಿ ಹಾಕಿರುತ್ತಾರೆ. ಒಂದು ಸಲಕ್ಕೆ 14,000ದಿಂದ 32,000 ಲೀಟರ್ ಕುದಿನೀರು. 23 ಲೀಟರಿನ ಬಾಯ್ಲರಿನಲ್ಲಿ ಇಡೀ ಮನೆಯ ಸ್ನಾನ ಮುಗಿಸಿ ಬಂದ ಅಮ್ಮನ ಪಕ್ಕ ನಿಂತು ಈ ಅಂಕಿ ಓದಿ ಹೇಳಬೇಡಿ. ಹೇಳಿದರೆ 'ಅಷ್ಟೂ ಪೋಲು' ಎನ್ನುತ್ತಾರೆ, ಅದು ಸುತ್ತಲ ಪ್ರವಾಸಿಗಳಿಗೆಲ್ಲ ಕೇಳಿಸುತ್ತದೆ.

ದೋಷ ಮತ್ತು ಪರಿಹಾರ

ಎಸಿ, ಮೈಕ್ರೊವೇವ್ ಒಟ್ಟಿಗೆ ಹಾಕಿದರೆ ಕರೆಂಟು ಹೋಗುತ್ತದೆ: ಕ್ಯಾಂಪಿನ ಕರೆಂಟಿನ ಜೋಡಣೆ (ಹುಕಪ್ಪು) 30 ಆಂಪಿಯರಿನದು. ಒಂದನ್ನು ಆರಿಸಿ. ಯಾವುದೆಂದು ಅಮ್ಮನನ್ನು ಕೇಳಿ.

ಪಂಪು ಒಂದೇ ಸಮ ಕರಕರ ಎನ್ನುತ್ತದೆ: ಶುದ್ಧ ನೀರು ಮುಗಿದಿದೆ, ಅಥವಾ ಎಲ್ಲೋ ನಲ್ಲಿ ಸರಿಯಾಗಿ ಮುಚ್ಚಿಲ್ಲ. ಅಮ್ಮ ಆಗಲೇ ಎದ್ದು ಹೋಗಿ ಮುಚ್ಚಿರುತ್ತಾರೆ.

ಮೇಲ್ವಿಚಾರಕರು ಮಾತಾಡುತ್ತಿಲ್ಲ: ದಿನಪತ್ರಿಕೆ ಸಿಕ್ಕಿಲ್ಲ. ಫೋನಿಗೆ ಸಿಗ್ನಲ್ ಬರುವ ಊರಿನ ತನಕ ಕಾಯಿರಿ.

ವಾಹನ ಹಿಂತಿರುಗಿಸುವುದು

ಪೆಟ್ರೋಲ್ ತುಂಬಿಸಿ, ಎರಡೂ ಕೊಳೆನೀರಿನ ಟ್ಯಾಂಕು ಖಾಲಿ ಮಾಡಿ, ನೆಲ ಗುಡಿಸಿ. ಫ್ರಿಜ್ಜಿನಲ್ಲಿ ಒಂದು ಬಟ್ಟಲು ಅಡಿಗೆ ಸೋಡಾ ಇಟ್ಟು, ಕಿಟಕಿಗಳನ್ನೆಲ್ಲ ಒಂದು ರಾತ್ರಿ ತೆರೆದಿಡಿ. ತಪಾಸಣೆಗೆ ಬಂದ ಹುಡುಗ ಬ್ಲ್ಯಾಕ್ ಟ್ಯಾಂಕಿನ ಫಲಕ ನೋಡಿ ಮುಕ್ಕಾಲು ತುಂಬಿದೆ, ದಂಡ ಕಟ್ಟಿ ಎನ್ನಬಹುದು. ಚಾಲಕ ಜಗಳಕ್ಕೆ ಹೋಗಬಾರದು. ಅಮ್ಮನನ್ನು ಮುಂದೆ ಬಿಟ್ಟು, ಅವರು ಕನ್ನಡದಲ್ಲಿ ಕೊಡುವ ಲೆಕ್ಕವನ್ನು ಸೊಸೆ ಒಂದೊಂದಾಗಿ ಇಂಗ್ಲಿಷಿನಲ್ಲಿ ಹೇಳಿದರೆ, ಮೂರನೇ ದಿನದ ವಿವರ ಮುಗಿಯುವ ಮೊದಲೇ ಅವನು ಠೇವಣಿ ವಾಪಸು ಬರೆದುಕೊಡುತ್ತಾನೆ.